ದನದ ಜೊತೆ ಬರುವ ‘ನೆಗೆಟಿವ್’ ಕಾಗದ ನಂಬಬೇಡಿ, ಜ್ವರಕ್ಕೆ ಕೊಡುವ ‘ಟೈಫಾಯ್ಡ್’ ಕಾಗದವನ್ನೂ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಯಾರಾದರೂ ದನ ತರುವ ಯೋಚನೆಯಲ್ಲಿದ್ದರೆ ಮೊದಲು ಇದನ್ನು ಓದಿ. ಗಡಿ ಆಚೆಯಿಂದ ಪಿಕಪ್‌ನಲ್ಲಿ ದನ ತಂದು ಇಳಿಸುವ ಒಬ್ಬ ದಲ್ಲಾಳಿ ಇದ್ದಾನೆ. ಹೆಸರು ಹಾಕುವುದಿಲ್ಲ. ಹಾಕಿದರೆ ನನ್ನ ಮೇಲೆಯೇ ಕೇಸು ಹಾಕುತ್ತೇನೆ ಅಂತ ಈಗಾಗಲೇ ಹೇಳಿಯಾಗಿದೆ. ದನದ ಜೊತೆ ಅವನು ರಕ್ತ ಪರೀಕ್ಷೆಯ ರಿಪೋರ್ಟ್ ಕೊಡುತ್ತಾನೆ. ಅದಕ್ಕೆ ಲ್ಯಾಮಿನೇಷನ್ ಬೇರೆ! ಆ ಒಂದು ಕಾಗದದಿಂದ ನಮ್ಮ ಹಟ್ಟಿ ಹಾಳಾಯಿತು, ನಮ್ಮ ಯಜಮಾನರು ಹಾಸಿಗೆ ಹಿಡಿದರು.

ದನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ತಳಿ, ಐದು ತಿಂಗಳ ಗಬ್ಬ. 62,000 ರೂಪಾಯಿ. ಈ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನಿಮಗೆಲ್ಲ ಗೊತ್ತು. ಹಲ್ಲು ನೋಡಿದೆವು, ಕೆಚ್ಚಲು ಮುಟ್ಟಿ ನೋಡಿದೆವು, ಅತ್ತೆ ಸುಳಿ ನೋಡಿದರು. ಆಮೇಲೆ ನಾನೇ ಕೇಳಿದೆ, "ಕಂದು ಹಾಕುವ ರೋಗದ್ದು ಟೆಸ್ಟ್ ಆಗಿದೆಯಾ?" ಅಂತ. ದನದ ಗರ್ಭ ಹೋಗುವ ಹಾಗೆ ಮಾಡುವ ಬ್ರೂಸೆಲ್ಲಾ ಅನ್ನುವ ರೋಗಾಣುವಿನ ಬಗ್ಗೆ ಹಾಲಿನ ಸೊಸೈಟಿಯಲ್ಲಿ ಹೇಳಿದ್ದು ತಲೆಯಲ್ಲಿತ್ತು. "ಎಂತ ಅಕ್ಕಾ, ಟೆಸ್ಟ್ ಮಾಡಿಸದೆ ನಾನು ದನ ಕೊಡ್ತೇನಾ? 1,500 ರೂಪಾಯಿ ಎಕ್ಸ್‌ಟ್ರಾ ಆಗ್ತದೆ, ರಿಪೋರ್ಟ್ ಸಮೇತ ತಂದು ಕೊಡ್ತೇನೆ" ಅಂದ. ತಂದ. ಸೀಲು ಉಂಟು, ಸಹಿ ಉಂಟು, ಕಿವಿಯ ಟ್ಯಾಗ್ ನಂಬರು ಉಂಟು, ಬ್ರೂಸೆಲ್ಲಾ ನೆಗೆಟಿವ್ ಅಂತ ದಪ್ಪ ಅಕ್ಷರದಲ್ಲಿ ಉಂಟು. ಕೆಳಗೆ ಇನ್ನೊಂದು ಸಾಲು: ‘ಕಳೆದ ತಿಂಗಳು ಬ್ರೂಸೆಲ್ಲಾ ಲಸಿಕೆ ಹಾಕಿಸಲಾಗಿದೆ’. ದನದ ಕಿವಿಯಲ್ಲೂ ಹಳದಿ ಟ್ಯಾಗ್ ಇತ್ತು. ಇಷ್ಟು ಇದ್ದ ಮೇಲೆ 12 ಅಂಕಿ ಕೂತು ತಾಳೆ ನೋಡುವವರು ಯಾರು ಹೇಳಿ?

ಏಳನೇ ತಿಂಗಳಿಗೆ ದನ ಕಂದು ಹಾಕಿತು.

ಬೆಳಿಗ್ಗೆ ಹಟ್ಟಿಗೆ ಹೋದಾಗ ಕರು ಸೊಪ್ಪಿನ ಮೇಲೆ ಬಿದ್ದಿತ್ತು. ಮಾಸು ಅರ್ಧ ಹೊರಗೆ ನೇತಾಡುತ್ತಿತ್ತು, ಸಂಜೆಯಾದರೂ ಬೀಳಲಿಲ್ಲ. ಕೊನೆಗೆ ಯಜಮಾನರು ಬರಿಗೈಯಲ್ಲೇ ಎಳೆದು ತೆಗೆದರು. ಅಡಿಕೆ ಸುಲಿದು ಅವರ ಬೆರಳಲ್ಲಿ ಯಾವಾಗಲೂ ಗಾಯ ಇರುತ್ತದೆ. ನಮ್ಮ ಊರಲ್ಲಿ ಎಲ್ಲರೂ ಹೀಗೆಯೇ ಮಾಡುವುದು, ಗ್ಲೌಸ್ ಯಾರ ಮನೆಯಲ್ಲಿರುತ್ತದೆ?

ದಲ್ಲಾಳಿಗೆ ಫೋನ್ ಮಾಡಿದೆ. "ಜಾರಿ ಬಿದ್ದಿರ್ಬೇಕು ಅಕ್ಕಾ" ಅಂದ. ನಮ್ಮ ಹಟ್ಟಿಗೆ ಜಾರದ ಹಾಗೆ ಕಲ್ಲು ಹಾಸಿದ್ದೇವೆ, ಅದನ್ನು ಅವನೇ ನಿಂತು ನೋಡಿ ಹೊಗಳಿ ಹೋಗಿದ್ದ. ಅದನ್ನು ಹೇಳಿದರೆ, "ಹಾಗಾದ್ರೆ ದೃಷ್ಟಿ ತಾಗಿರ್ಬೇಕು" ಅಂದ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್: "ನೀವು ಹೆಂಗಸರು ಸುಮ್ನೆ ಟೆನ್ಷನ್ ಮಾಡ್ಬೇಡಿ, ಅಣ್ಣನ ಹತ್ರ ಫೋನ್ ಕೊಡಿ." ಹಾಲು ಕರೆಯುವುದು ನಾನು, ಹಿಂಡಿ ತರುವುದು ನಾನು, ಸೊಸೈಟಿಯ ಪುಸ್ತಕ ಇರುವುದು ನನ್ನ ಹೆಸರಲ್ಲಿ. ಇವನಿಗೆ ಮಾತಾಡಲು ಅಣ್ಣ ಬೇಕಂತೆ!

ಅಣ್ಣನಿಗೆ ಆಗ ಮಾತಾಡುವ ಸ್ಥಿತಿ ಇರಲಿಲ್ಲ. ದನ ಕಂದು ಹಾಕಿ ಕೆಲವು ವಾರ ಆಗಿತ್ತು, ಅವರಿಗೆ ಜ್ವರ ಶುರುವಾಗಿತ್ತು.

ಈಗ ಎರಡನೇ ಕಥೆ. ಇದಕ್ಕೆ ನನಗೆ ಸಿಟ್ಟು ಇನ್ನೂ ಜಾಸ್ತಿ. ಪೇಟೆಯಲ್ಲಿ ಒಂದು ಕ್ಲಿನಿಕ್, ಅದಕ್ಕೆ ಅಂಟಿಕೊಂಡೇ ಒಂದು ಲ್ಯಾಬ್. ಜ್ವರ ಅಂತ ಹೋದವರಿಗೆಲ್ಲ ಅಲ್ಲಿ ವಿಡಾಲ್ ಟೆಸ್ಟ್, ಅಂದರೆ ಟೈಫಾಯ್ಡ್‌ಗೆ ಮಾಡುವ ರಕ್ತ ಪರೀಕ್ಷೆ. ನಮ್ಮವರಿಗೂ ಮಾಡಿದರು, 1:80 ಅಂತ ಬಂತು. "ಟೈಫಾಯ್ಡ್" ಅಂದರು. ದಿನಾ ಇಂಜೆಕ್ಷನ್, ಡ್ರಿಪ್. ಜ್ವರ ಬಿಟ್ಟಿತು, ಬಿಲ್ ಕಟ್ಟಿ ಬಂದೆವು. ಸ್ವಲ್ಪ ದಿನದಲ್ಲಿ ಮತ್ತೆ ಬಂತು. ಮತ್ತೆ ವಿಡಾಲ್, ಮತ್ತೆ ಟೈಫಾಯ್ಡ್, ಮತ್ತೆ ಇಂಜೆಕ್ಷನ್. ಹಗಲು ಎದ್ದು ಓಡಾಡುತ್ತಿದ್ದರು, ಸಂಜೆಗೆ ಮೈ ಸುಡುತ್ತಿತ್ತು. ರಾತ್ರಿ ಬೆವರೋ ಬೆವರು. ಬೈರಾಸು ಹಿಂಡಿದರೆ ನೀರು ಬರುತ್ತಿತ್ತು, ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ ಎದ್ದೇಳುತ್ತಿದ್ದರು. ಇನ್ನೊಂದು ವಿಷಯ ಬರೆಯಲು ಮುಜುಗರ, ಆದರೂ ಬರೆಯುತ್ತೇನೆ, ಇನ್ನೊಬ್ಬರ ಮನೆಯಲ್ಲಿ ಉಪಯೋಗಕ್ಕೆ ಬರಬಹುದು. ಈ ರೋಗದಲ್ಲಿ ಗಂಡಸರಿಗೆ ವೃಷಣದಲ್ಲಿ ಬಾವು, ನೋವು ಬರುವುದುಂಟು. ಇವರು ಅದನ್ನು ನನ್ನ ಹತ್ತಿರವೂ ಹೇಳದೆ ಇಟ್ಟುಕೊಂಡಿದ್ದರು.

ಆ ಕ್ಲಿನಿಕ್‌ನ ಡಾಕ್ಟರಿಗೆ ನಾನು ಬಾಯಿಬಿಟ್ಟು ಹೇಳಿದೆ: "ಡಾಕ್ಟ್ರೇ, ನಮ್ಮ ದನ ಕಂದು ಹಾಕಿದೆ, ಇವರು ಮಾಸು ತೆಗೆದಿದ್ದಾರೆ." ಅವರು ತಲೆ ಎತ್ತದೆ ಚೀಟಿ ಬರೆಯುತ್ತಲೇ, "ದನ ಕಂದು ಹಾಕಿದ್ದಕ್ಕೂ ಇವರ ಜ್ವರಕ್ಕೂ ಎಂತ ಸಂಬಂಧ ಅಮ್ಮ?" ಅಂದರು. ಕಾಂಪೌಂಡರ್ ನಕ್ಕ. ಹೊರಗೆ ಬೆಂಚಲ್ಲಿ ಕೂತ ನಾಲ್ಕು ಜನಕ್ಕೂ ಕೇಳಿಸಿತು. ಎಂತ ಸಂಬಂಧ ಅಂತ ನನ್ನನ್ನು ಕೇಳಿದರಲ್ಲ, ಉತ್ತರ ಆಮೇಲೆ ಸಿಕ್ಕಿತು. ಸಂಬಂಧವೇ ಅದು. ರೋಗವೇ ಅದು.

ಅಷ್ಟರಲ್ಲಿ ಹಟ್ಟಿಗೆ ಸರಕಾರಿ ಮೃಗಾಸ್ಪತ್ರೆಯ ಡಾಕ್ಟರನ್ನು ಕರೆಸಿದ್ದೆ. ಒಳಗೆ ಬರುವ ಮೊದಲೇ ಗ್ಲೌಸ್ ಹಾಕಿದರು, ಮಾಸ್ಕ್ ಹಾಕಿದರು, ನನ್ನನ್ನು ದೂರ ನಿಲ್ಲಲು ಹೇಳಿದರು. ದಲ್ಲಾಳಿಯ ರಿಪೋರ್ಟ್ ತೋರಿಸಿದೆ. ಅವರು ದನದ ಕಿವಿ ಹಿಡಿದು, ಟ್ಯಾಗ್ ಮೇಲಿನ ಸೆಗಣಿಯನ್ನು ಹತ್ತಿಯಲ್ಲಿ ಒರೆಸಿ, "ನಂಬರು ಓದಿ" ಅಂದರು. ನಾನು ಒಂದೊಂದೇ ಅಂಕಿ ಓದಿದೆ. ಮೊದಲಿನದಕ್ಕೆಲ್ಲ "ಹ್ಞೂಂ, ಹ್ಞೂಂ" ಅಂದರು. ಐದನೆಯದಕ್ಕೆ "ಅಲ್ಲ" ಅಂದರು. "ಇನ್ನೊಮ್ಮೆ ಓದಿ." ಓದಿದೆ. ಅಲ್ಲ. ಆರನೆಯದೂ ಅಲ್ಲ, ಏಳನೆಯದೂ ಅಲ್ಲ. ಕಾಗದ ಬೇರೆ ಯಾವುದೋ ದನದ್ದು.

ಮೈಯೆಲ್ಲ ಬಿಸಿಯಾಯಿತು ನನಗೆ. 1,500 ರೂಪಾಯಿ ಕೊಟ್ಟು ಬೇರೆಯವರ ದನದ ಆರೋಗ್ಯದ ಕಾಗದ ತಂದು ನಾವು ಕಪಾಟಿನಲ್ಲಿ ಇಟ್ಟಿದ್ದೆವು!

ಲಸಿಕೆಯ ಸಾಲು ನೋಡಿ ಡಾಕ್ಟರು ನಗಲೋ ಬೇಡವೋ ಅನ್ನುವ ಹಾಗೆ ನಿಂತರು. ಈ ಬ್ರೂಸೆಲ್ಲಾ ಲಸಿಕೆ ಹಾಕುವುದು ಹೆಣ್ಣು ಕರುಗಳಿಗೆ ಮಾತ್ರ, 4ರಿಂದ 8 ತಿಂಗಳ ಪ್ರಾಯದಲ್ಲಿ, ಒಂದೇ ಸಲ. 2019ರಲ್ಲಿ ಕೇಂದ್ರ ಸರಕಾರ ಕಾಲುಬಾಯಿ ಜ್ವರ ಮತ್ತು ಬ್ರೂಸೆಲ್ಲಾ ಎರಡಕ್ಕೂ ಸೇರಿಸಿ ಶುರು ಮಾಡಿದ ಯೋಜನೆಯಲ್ಲಿ ಇದು ದುಡ್ಡಿಲ್ಲದೆ ಸಿಗುತ್ತದೆ. ಅದು ಜೀವಂತ ರೋಗಾಣುವಿನ ಲಸಿಕೆ. ಗಬ್ಬದ ದನಕ್ಕೆ ಹಾಕಿದರೆ ಅದರಿಂದಲೇ ಕಂದು ಹಾಕುವ ಸಾಧ್ಯತೆ ಉಂಟು. ಅಂದರೆ ಐದು ತಿಂಗಳ ಗಬ್ಬದ ದನಕ್ಕೆ ‘ಕಳೆದ ತಿಂಗಳು ಹಾಕಿಸಲಾಗಿದೆ’ ಅಂತ ಬರೆದವನಿಗೆ ಸುಳ್ಳು ಹೇಳಲೂ ಸರಿಯಾಗಿ ಬರುವುದಿಲ್ಲ.

ಕುತ್ತಿಗೆಯ ನರದಿಂದ ರಕ್ತ ತೆಗೆದರು. ಸೀರಂ ಬೇರೆಯಾದ ಮೇಲೆ ಮಾಡುವ ಪರೀಕ್ಷೆಗೆ ರೋಸ್ ಬೆಂಗಾಲ್ ಅಂತ ಹೆಸರು. ಸೀರಂ ಒಂದು ಹನಿ, ಗುಲಾಬಿ ಬಣ್ಣದ ದ್ರವ ಒಂದು ಹನಿ, ಸೇರಿಸಿ ಅಲ್ಲಾಡಿಸಿ 4 ನಿಮಿಷ ನೋಡುವುದು. ರೋಗ ಇಲ್ಲದಿದ್ದರೆ ಹಾಗೆಯೇ ನುಣ್ಣಗೆ ಇರುತ್ತದೆ. ನಮ್ಮ ದನದ್ದು ರವೆ ಹಾಕಿದ ಹಾಗೆ ಗಂಟು ಗಂಟಾಯಿತು. ಕಂದು ಹಾಕಿದ್ದೆಲ್ಲ ಬ್ರೂಸೆಲ್ಲಾ ಅಲ್ಲ, ಇಲಿ ಜ್ವರದ ರೋಗಾಣುವಿನಿಂದಲೂ ಆಗುತ್ತದೆ, ಬೇರೆ ಕಾರಣಗಳೂ ಇವೆ ಅಂತ ಹೇಳಿ ಅವರು ಮೇಲಿನ ಲ್ಯಾಬಿಗೂ ಕಳಿಸಿದರು. ಅಲ್ಲಿಂದಲೂ ಅದೇ ಬಂತು. ಹೋಗುವಾಗ ಗೇಟಿನ ಹತ್ತಿರ ನಿಂತು ಕೇಳಿದರು, "ಮನೆಯಲ್ಲಿ ಯಾರಿಗಾದರೂ ಜ್ವರ ಉಂಟಾ?"

ದನದ ಡಾಕ್ಟರಿಗೆ ಹೊಳೆದದ್ದು ಮನುಷ್ಯರ ಡಾಕ್ಟರಿಗೆ ನಾನಾಗಿ ಹೇಳಿದರೂ ಹೊಳೆಯಲಿಲ್ಲ.

ತಲಪಾಡಿ ದಾಟಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಬ್ರೂಸೆಲ್ಲಾಕ್ಕೆ ಬೇರೆಯೇ ರಕ್ತ ಪರೀಕ್ಷೆ ಮಾಡಿದರು, ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೂ ಕಳಿಸಿದರು. ಈ ರೋಗಾಣು ನಿಧಾನಕ್ಕೆ ಬೆಳೆಯುವಂಥದ್ದು, ಲ್ಯಾಬಿನವರಿಗೂ ತಗಲುತ್ತದೆ, ಆದ್ದರಿಂದ ಸಂಶಯ ಇದ್ದರೆ ಮೊದಲೇ ಅವರಿಗೆ ಹೇಳಬೇಕಂತೆ. ವಿಡಾಲ್ ಬಗ್ಗೆ ಕೇಳಿದೆ. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದಿದ್ದರೂ, ಲಸಿಕೆ ಹಾಕಿಸಿದ್ದರೂ, ಬೇರೆ ಜ್ವರ ಇದ್ದರೂ ಅದು ಪಾಸಿಟಿವ್ ತೋರಿಸಬಹುದು, ಒಂದೇ ವಿಡಾಲ್ ನೋಡಿ ಟೈಫಾಯ್ಡ್ ಅನ್ನಲು ಬರುವುದಿಲ್ಲ ಅಂದರು. ಹಾಗಾದರೆ ಪೇಟೆಯ ಕ್ಲಿನಿಕ್‌ಗೆ ಹೋದ ಅರ್ಧ ಊರಿಗೆ ಟೈಫಾಯ್ಡ್ ಬಂದದ್ದು ಹೇಗೆ ಅಂತ ಈಗ ಅರ್ಥವಾಯಿತು.

ಬ್ರೂಸೆಲ್ಲೋಸಿಸ್ ಅಂತ ಖಚಿತವಾಯಿತು. ಒಂದು ವಾರ ಜೆಂಟಾಮೈಸಿನ್ ಇಂಜೆಕ್ಷನ್, ಜೊತೆಗೆ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಮಾತ್ರೆ, ಪೂರ್ತಿ 6 ವಾರ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಿದರೆ ಮತ್ತೆ ಮರುಕಳಿಸುತ್ತದೆ. ರಿಫಾಂಪಿಸಿನ್ ತಿಂದರೆ ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ. ಅದನ್ನು ನೋಡಿ ಅತ್ತೆ ಅರಶಿನ ಕಾಮಾಲೆ ಅಂತ ಅಳಲು ಶುರು ಮಾಡಿದ್ದರು. ಹೆದರಬೇಡಿ, ಅದು ಮಾತ್ರೆಯ ಬಣ್ಣ.

ಇದು ಅಪರೂಪ, ನಮ್ಮ ಕಡೆ ಇಲ್ಲ ಅನ್ನುವವರಿಗೆ ಒಂದು ಮಾತು. 2023ರ ಅಕ್ಟೋಬರ್‌ನಲ್ಲಿ ತಿರುವನಂತಪುರದ ಹತ್ತಿರ ಅಪ್ಪ ಮಗ ಇಬ್ಬರಿಗೂ ಇದೇ ಬಂದು ಪೇಪರ್‌ನಲ್ಲಿ ಬಂದಿತ್ತು. ನಮ್ಮದೇ ಕೇರಳ ರಾಜ್ಯ.

ಎಲ್ಲ ರಿಪೋರ್ಟ್ ಇಟ್ಟುಕೊಂಡು ಮತ್ತೆ ದಲ್ಲಾಳಿಗೆ ಫೋನ್ ಮಾಡಿದೆ. ಮೊದಲು "ಟ್ಯಾಗ್ ಬಿದ್ದು ಹೋಗಿತ್ತು, ಬೇರೆ ಹಾಕಿಸಿದ್ದು" ಅಂದ. ಹಳೆ ಟ್ಯಾಗಿನ ದನಕ್ಕೆ ಟೆಸ್ಟ್ ಮಾಡಿದ್ದು ಎಲ್ಲಿ ಅಂದರೆ, "ಅದು ನಮ್ಮ ಡಾಕ್ಟರ್ರು ಮಾಡಿದ್ದು" ಅಂದ. ಡಾಕ್ಟರ ನಂಬರು ಕೊಡು ಅಂದರೆ, "ಅವರು ಈಗ ಊರಲ್ಲಿಲ್ಲ". ಆಮೇಲೆ, "ನಿಮ್ಮ ಹಟ್ಟಿಯಲ್ಲೇ ಮೊದಲಿಂದ ರೋಗ ಇದ್ದಿರ್ಬೇಕು." ನಮ್ಮ ಹಟ್ಟಿಯಲ್ಲಿ ಮೊದಲಿಂದ ಇರುವುದು ಒಂದು ಗಿಡ್ಡ ದನ, ಅದರದ್ದು ನೆಗೆಟಿವ್ ಬಂದಿದೆ. ಅದನ್ನೂ ಹೇಳಿದೆ. ಆಗ ಬಂತು ನೋಡಿ ಅವನ ಕೊನೆಯ ಉತ್ತರ:

"ನೀವು ಕಾಗದ ಕೇಳಿದ್ರಿ ಅಕ್ಕಾ, ನಾನು ಕಾಗದ ಕೊಟ್ಟೆ."

ಈ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ನೀವು ಕಾಗದ ಕೇಳಿದ್ರಿ, ನಾನು ಕಾಗದ ಕೊಟ್ಟೆ! ಈಗ ನನ್ನ ನಂಬರು ಬ್ಲಾಕ್. ಸ್ಟೇಷನ್‌ಗೆ ಹೋದರೆ, ದುಡ್ಡು ಕೊಟ್ಟದ್ದಕ್ಕೆ ರಶೀದಿ ಎಲ್ಲಿ ಅಂತ ಕೇಳುತ್ತಾರೆ. ದನದ ವ್ಯಾಪಾರಕ್ಕೆ ರಶೀದಿ ಯಾರು ಬರೆಯುತ್ತಾರೆ?

ಕ್ಲಿನಿಕ್‌ಗೂ ಹೋಗಿದ್ದೆ, ಮಂಗಳೂರಿನ ರಿಪೋರ್ಟ್ ಹಿಡಿದುಕೊಂಡು. "ಟೈಫಾಯ್ಡೂ ಇತ್ತು, ಇದು ಆಮೇಲೆ ಬಂದದ್ದು" ಅಂದರು. ಮುಗಿಯಿತು.

ಊರಿನವರ ಮಾತು ಬೇರೆ. ಹಾಲು ತೆಗೆದುಕೊಳ್ಳುತ್ತಿದ್ದ ಮನೆಗಳಿಗೆ ನಾನೇ ಹೋಗಿ ವಿಷಯ ಹೇಳಿದೆ. ಕುದಿಸಿ ಕುಡಿದರೆ ಹಾಲಿನಿಂದ ಬರುವುದಿಲ್ಲ, ಹಸಿ ಹಾಲು ಮಾತ್ರ ಬೇಡ ಅಂತಲೂ ಹೇಳಿದೆ. ಈಗ ನಾವು ದಾರಿಯಲ್ಲಿ ಸಿಕ್ಕರೆ ಆಚೆ ಬದಿಗೆ ಹೋಗುವವರಿದ್ದಾರೆ. ಮನುಷ್ಯರಿಂದ ಮನುಷ್ಯರಿಗೆ ಸಾಮಾನ್ಯವಾಗಿ ಹರಡುವ ರೋಗವೇ ಅಲ್ಲ ಇದು, ಮಾರಾಯ್ರೇ.

ದನಕ್ಕೆ ಮದ್ದಿಲ್ಲ. ಇದಕ್ಕೆ ಚಿಕಿತ್ಸೆ ಕೊಡುವ ಪದ್ಧತಿಯೇ ಇಲ್ಲ, ನೋಡಲು ಚೆನ್ನಾಗಿ ಕಂಡರೂ ರೋಗ ಹೊರಗೆ ಬಿಡುತ್ತಲೇ ಇರುತ್ತದೆ ಅಂದರು ಡಾಕ್ಟರು. ಬೇರೆ ಕಟ್ಟಿದ್ದೇವೆ. ಇನ್ನೊಬ್ಬರಿಗೆ ಮಾರಿಬಿಡಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ಹಾಗೆ ಯಾರೋ ಮಾರಿದ್ದಕ್ಕೇ ಅಲ್ವಾ ಇದು ನಮ್ಮ ಹಟ್ಟಿಗೆ ಬಂದದ್ದು?

ದನ ತರುವವರು ರಕ್ತ ನಿಮ್ಮ ಕಣ್ಣೆದುರು, ನಿಮ್ಮ ಡಾಕ್ಟರಿಂದ ತೆಗೆಸಿ. ದುಡ್ಡು ಆಮೇಲೆ. ಗಬ್ಬದ ದನ ಆದರೆ ಒಂದು ನೆಗೆಟಿವ್ ಸಾಲದು, ಕರು ಹಾಕಿದ ಮೇಲೆ ಇನ್ನೊಮ್ಮೆ ಮಾಡಿಸಿ, ಅಲ್ಲಿಯವರೆಗೆ ಬೇರೆ ಕಟ್ಟಿ. ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ನಾಯಿ ಎಳೆಯದ ಹಾಗೆ. ಮನೆಯಲ್ಲಿ ದನ ಇದ್ದು ಜ್ವರ ಹೋಗಿ ಹೋಗಿ ಬರುತ್ತಿದ್ದರೆ ಡಾಕ್ಟರ ಹತ್ತಿರ ದನದ ವಿಷಯ ಹೇಳಿ. ಅವರು ನಕ್ಕರೆ ಅಲ್ಲಿಂದ ಎದ್ದು ಬನ್ನಿ.

ನಿನ್ನೆ ಸೊಸೈಟಿಯಲ್ಲಿ ಕೇಳಿದ ಸುದ್ದಿ: ಅವನು ಮುಳ್ಳೇರಿಯ ಹತ್ತಿರ ಇನ್ನೊಂದು ಗಬ್ಬದ ದನ ಇಳಿಸಿದ್ದಾನಂತೆ, ರಿಪೋರ್ಟ್ ಸಮೇತ. ತೆಗೆದುಕೊಂಡವರು ಯಾರು ಅಂತ ಗೊತ್ತಾಗಲಿಲ್ಲ. ಗೊತ್ತಿದ್ದವರು ಇದನ್ನು ಅವರಿಗೆ ಇವತ್ತೇ ಕಳಿಸಿ, ಆ ದನ ಕರು ಹಾಕುವ ಮೊದಲು.