‘ಚಾರ್ಜರೂ ಫ್ರೀ, ಫಿಟ್ಟಿಂಗೂ ಫ್ರೀ’ ಅಂದವರು ಅರವತ್ತು ಸಾವಿರ ಕಿತ್ತುಕೊಂಡರು

ಎಲೆಕ್ಟ್ರಿಕ್ ಕಾರು ಬುಕ್ ಮಾಡಿ, ಮನೆಗೆ ಚಾರ್ಜರ್ ಹಾಕಿಸಲು ಕಾಯುತ್ತಿರುವವರು ಇದನ್ನು ಪೂರ್ತಿ ಓದಿ, ಆಮೇಲೆ ದುಡ್ಡು ಕೊಡಿ. ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರು ಇನ್ನೂ ಗಮನವಿಟ್ಟು ಓದಿ. ನನ್ನ ಕೋಪ ಇನ್ನೂ ಇಳಿದಿಲ್ಲ. ಬರಹ ಹಿಂದೆ ಮುಂದೆ ಆದರೆ ಕ್ಷಮಿಸಿ.

ಶೋರೂಮಿನಲ್ಲಿ ಹೇಳಿದ್ದು ಇಷ್ಟು. "ಮೇಡಂ, 7.2 ಕಿಲೋವ್ಯಾಟ್ ಚಾರ್ಜರ್ ಫ್ರೀ, ಫಿಟ್ಟಿಂಗೂ ಫ್ರೀ." ಕಂಟ್ರಾಕ್ಟರ್‌ನನ್ನೂ ಅವರೇ ಕಳಿಸಿದರು. ಆಸಾಮಿ ಬಂದ, ಮೀಟರ್ ಬೋರ್ಡ್ ನೋಡಿದ, ಪಾರ್ಕಿಂಗ್ ನೋಡಿದ, ಫೋಟೊ ತೆಗೆದ. ಟೇಪು ಹಿಡಿದು ಅಳೆಯಲೇ ಇಲ್ಲ. ಸಂಜೆ ವಾಟ್ಸಾಪ್‌ಗೆ ಎಸ್ಟಿಮೇಟ್ ಬಂತು. ಫ್ರೀ ಅಂದರೆ 10 ಮೀಟರ್ ಕೇಬಲ್ ಮಾತ್ರವಂತೆ. ನಮ್ಮ ಮನೆಗೆ 32 ಮೀಟರ್ ಬೇಕಂತೆ. ಮಿಕ್ಕ 22 ಮೀಟರಿಗೆ, ಮೀಟರಿಗೆ 650ರಂತೆ 14,300 ರೂಪಾಯಿ. ಹೊಸ ಅರ್ತಿಂಗ್ ಗುಂಡಿಗೆ 9,500. ಅಪಾಯವಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್‌ಗಳು (ಎಂಸಿಬಿ, ಆರ್‌ಸಿಬಿಒ), ಅದರ ಬಾಕ್ಸ್ ಸೇರಿ 7,500. ಪೈಪು, ಗೋಡೆ ಕೊರೆಯುವುದು, ಕೂಲಿ 5,000. ಇಷ್ಟರ ಮೇಲೆ 18% ಜಿಎಸ್‌ಟಿ 6,534. ಲೋಡ್, ಅಂದರೆ ಮನೆಗೆ ಮಂಜೂರಾದ ಕರೆಂಟಿನ ಮಿತಿ, ಏರಿಸಿ ಬೇರೆ ಮೀಟರ್ ಮಾಡಿಸಿಕೊಡಲು 18,000, ಅದು ಮಾತ್ರ ಕ್ಯಾಶ್. ಒಟ್ಟು 60,834. ಇದು ಫ್ರೀ!

ನನಗೆ ದಿನಕ್ಕೆ ನಲವತ್ತು ಕಿಲೋಮೀಟರ್ ಓಡಾಟ ಇದ್ದರೆ ಜಾಸ್ತಿ. "15 ಆಂಪ್ ಪ್ಲಗ್ಗಿನಿಂದಲೇ ರಾತ್ರಿ ಚಾರ್ಜ್ ಮಾಡಿಕೊಂಡರೆ ಸಾಕಲ್ವಾ?" ಎಂದು ಕಂಟ್ರಾಕ್ಟರ್‌ನನ್ನು ಕೇಳಿದೆ. "ಅಯ್ಯೋ ಮೇಡಂ, ಸ್ಲೋ ಚಾರ್ಜಿಂಗ್‌ನಲ್ಲಿ ಬ್ಯಾಟರಿ ಹೊರಟೋಗುತ್ತೆ" ಎಂದ. ಇದು ಶುದ್ಧ ಸುಳ್ಳು. ನಿಧಾನವಾಗಿ ಚಾರ್ಜ್ ಮಾಡಿದರೆ ಬ್ಯಾಟರಿಗೆ ಏನೂ ಆಗುವುದಿಲ್ಲ. ಆ ಪ್ಲಗ್ಗಿನಿಂದ ಸುಮಾರು 3 ಕಿಲೋವ್ಯಾಟ್ ಸಿಗುತ್ತದೆ. ರಾತ್ರಿ ಎಂಟು ಗಂಟೆ ಹೊತ್ತು ಚಾರ್ಜಿಗೆ ಹಾಕಿಟ್ಟರೆ 24 ಯೂನಿಟ್. ಚಿಕ್ಕ ಕಾರಿಗೆ ನೂರು ಕಿಲೋಮೀಟರ್ ದಾಟಿ ಬರುತ್ತದೆ. ಇದನ್ನು ಯಾರೂ ನನಗೆ ಹೇಳಲಿಲ್ಲ, ಶೋರೂಮಿನವರೂ ಹೇಳಲಿಲ್ಲ.

"ಬೇರೆ ಮೀಟರ್ ಕಂಪಲ್ಸರಿ, ಗೌರ್ಮೆಂಟ್ ರೂಲು" ಎಂದೂ ಹೇಳಿದ. ಅದೂ ಸುಳ್ಳೇ. ಮನೆಯಲ್ಲಿ ಈಗಿರುವ ಸಂಪರ್ಕದಿಂದಲೇ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿಯಲ್ಲೇ ಇದೆ. ಆದರೆ ಅದರ ಜೊತೆಗೆ ಒಂದು ನಿಜವನ್ನೂ ಸೇರಿಸಿಬಿಟ್ಟ. ಕಾರಿನ ಕರೆಂಟೂ ಮನೆ ಮೀಟರಿನಲ್ಲೇ ಓಡಿ ತಿಂಗಳಿಗೆ 200 ಯೂನಿಟ್ ದಾಟಿದರೆ ಗೃಹಜ್ಯೋತಿ ಸಿಗುವುದಿಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಇದು ನಿಜ ತಾನೇ? ಹಾಗಾಗಿ 18,000 ಎಣಿಸಿ ಕೊಟ್ಟೆ. ರಸೀದಿ ಕೇಳಿದರೆ "ಬೆಸ್ಕಾಂ ರಸೀದಿನೇ ಬರುತ್ತಲ್ಲ ಮೇಡಂ" ಎಂದ.

ಕೆಲಸ ಒಂದೇ ದಿನದಲ್ಲಿ ಮುಗಿಸಿದರು. ಚಾರ್ಜರ್‌ನಲ್ಲಿ ಹಸಿರು ದೀಪ ಬಂತು, ಎಲ್ಲರೂ ಕಾಫಿ ಕುಡಿದು ಹೋದರು. ಮೀಟರ್ ಮಾತ್ರ ಬರಲಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ, "ಫೈಲ್ ಮೂವ್ ಆಗ್ತಾ ಇದೆ."

ಬೇಸಿಗೆ ಬಂತು, ನೆಲ ಒಣಗಿತು. ಒಂದು ರಾತ್ರಿ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಟ್ಟಿತು. ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ನಮ್ಮ ಮನೆ ಕಟ್ಟುವಾಗ ವೈರಿಂಗ್ ಮಾಡಿದ್ದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ಅವರನ್ನು ಕರೆಸಿದೆ. ವೋಲ್ಟ್ ಅಳೆಯುವ ಮೀಟರ್ ಇಟ್ಟು ನೋಡಿದರು. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 18 ವೋಲ್ಟ್. ಎರಡು ಮೂರು ವೋಲ್ಟ್ ಇರಬೇಕಾದ ಕಡೆ 18! ಅಂದರೆ ಅರ್ತ್ ಸರಿಯಿಲ್ಲ, ಅದಕ್ಕೇ ಚಾರ್ಜರ್ ನಿಂತಿದೆ. "ಹೊಸ ಅರ್ತಿಂಗ್ ಎಲ್ಲಮ್ಮಾ?" ಎಂದರು. ತೋರಿಸಿದೆ. ಮುಚ್ಚಳ ತೆಗೆದರು. ಒಳಗೆ ರಾಡ್ ಇತ್ತು. ರಾಡಿಗೆ ತಂತಿಯೇ ಇರಲಿಲ್ಲ.

ತಂತಿಯೇ ಇರಲಿಲ್ಲ! 9,500 ರೂಪಾಯಿ ತೆಗೆದುಕೊಂಡು ನೆಲಕ್ಕೆ ಒಂದು ರಾಡ್ ಚುಚ್ಚಿ ಮುಚ್ಚಳ ಹಾಕಿದ್ದಾರೆ. ಚಾರ್ಜರ್‌ಗೆ ಮನೆಯ ಹಳೇ ಅರ್ತನ್ನೇ ಕೊಟ್ಟಿದ್ದಾರೆ. ನಾನು ಪ್ರತಿ ವಾರ ಆ ಗುಂಡಿಗೆ ನೀರು ಹಾಕುತ್ತಿದ್ದೆ, ಹಾಕಲು ಹೇಳಿದ್ದೂ ಅವನೇ. ಅಕ್ಕಪಕ್ಕದವರು ನಿಂತು ನೋಡುತ್ತಿದ್ದರು. ಆಗ ಆದ ಅವಮಾನ ಹೇಳತೀರದು. ನನ್ನ ಮೊಮ್ಮಗ ಆ ಕಾರಿನ ಪಕ್ಕದಲ್ಲೇ ಆಡುತ್ತಾನೆ. ಕಾರಿನ ಮೈಗೆ ಕರೆಂಟ್ ಇಳಿದಿದ್ದರೆ?

ಆಮೇಲೆ ಎಲೆಕ್ಟ್ರಿಷಿಯನ್ ಕೇಬಲ್ ಮೇಲೆ ಬರೆದಿರುವುದನ್ನು ಓದಿಸಿದರು. ತಂತಿಯ ದಪ್ಪ 4 ಸ್ಕ್ವೇರ್ ಎಂಎಂ. ಎಸ್ಟಿಮೇಟಿನಲ್ಲಿ ಇದ್ದದ್ದು 6. ಈ ಚಾರ್ಜರ್ ಗಂಟೆಗಟ್ಟಲೆ ಬಿಡದೆ 32 ಆಂಪ್ ಎಳೆಯುತ್ತದೆ, ತಂತಿ ತೆಳುವಾದರೆ ಬಿಸಿಯಾಗುತ್ತದೆ. ಉದ್ದ ಅಳೆದರೆ 19 ಮೀಟರ್, 32 ಅಲ್ಲ.

ಮರುದಿನ ಬೆಸ್ಕಾಂ ಉಪವಿಭಾಗದ ಕಚೇರಿಗೆ ಹೋದೆ. ಕರೆಂಟ್ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಹಾಕಿ ನೋಡಿದರು. ಲೋಡ್ ಏರಿಸಲು ಅರ್ಜಿ ಇಲ್ಲ. ಹೊಸ ಮೀಟರಿಗೂ ಅರ್ಜಿ ಇಲ್ಲ. ಯಾವ ಫೈಲ್ ಮೂವ್ ಆಗುತ್ತಿತ್ತು? ನಮ್ಮ ಮಂಜೂರಾದ ಲೋಡ್ ಈಗಲೂ 3 ಕಿಲೋವ್ಯಾಟ್. ಅದರ ಮೇಲೆ 7.2 ಎಳೆಯುತ್ತಿದ್ದೆವು. ಏನಾದರೂ ಆಗಿದ್ದರೆ ಕೇಳುವುದು ನಮ್ಮನ್ನೇ.

ಕೊನೆಗೂ ಫೋನ್ ಎತ್ತಿದವನ ಉತ್ತರಗಳನ್ನು ಕೇಳಿ. "4 ಎಂಎಂ, 6 ಎಂಎಂ ಎರಡೂ ಒಂದೇ ಮೇಡಂ." "ನಿಮ್ಮ ಮನೆ ವೈರಿಂಗೇ ಹಳೇದು." "ಹುಡುಗರು ಮರೆತಿರ್ತಾರೆ." ಅಳತೆಯ ಬಗ್ಗೆ ಕೇಳಿದರೆ "ವೇಸ್ಟೇಜ್ ಇರುತ್ತೆ." 13 ಮೀಟರ್ ವೇಸ್ಟೇಜ್! ಕೊನೆಗೆ, "ಇದೆಲ್ಲ ಟೆಕ್ನಿಕಲ್, ನಿಮಗೆ ಗೊತ್ತಾಗಲ್ಲ, ಸರ್‌ಗೆ ಫೋನ್ ಕೊಡಿ." ಕಾರು ನನ್ನ ಹೆಸರಿನಲ್ಲಿದೆ, ದುಡ್ಡು ನನ್ನ ಪಿಂಚಣಿಯದು. ಮನೆಯವರಿಗೆ ಫೋನ್ ಕೊಟ್ಟರೆ 4 ಎಂಎಂ ಹೋಗಿ 6 ಎಂಎಂ ಆಗುತ್ತದೆಯೇ? ಜಿಎಸ್‌ಟಿ ಬಿಲ್ ಕೇಳಿದ್ದಕ್ಕೆ ಕಳಿಸಿದ ಚೀಟಿಯಲ್ಲಿ ಜಿಎಸ್‌ಟಿ ನಂಬರೇ ಇಲ್ಲ. ಶೋರೂಮಿನವರದು ಇನ್ನೂ ಚೆಂದ. "ಅದು ವೆಂಡರ್‌ಗೂ ನಿಮಗೂ ಬಿಟ್ಟಿದ್ದು." ಅವನನ್ನು ಕಳಿಸಿದವರು ಯಾರು ಸ್ವಾಮಿ?

ನೀವು ಮೊದಲು 15 ಆಂಪ್ ಪ್ಲಗ್ ಸಾಕೇ ಎಂದು ಲೆಕ್ಕ ಹಾಕಿ. ದೊಡ್ಡ ಚಾರ್ಜರ್ ಬೇಕೇ ಬೇಕು ಅಂದರೆ ನೀವೇ ಟೇಪು ಹಿಡಿದು ಅಳೆಯಿರಿ. ಗೋಡೆಗೆ ಹೊಡೆಯುವ ಮೊದಲು ಕೇಬಲ್ ಮೇಲಿನ ಅಕ್ಷರ ಓದಿ, ಫೋಟೊ ತೆಗೆಯಿರಿ. ಅರ್ತಿಂಗ್ ಗುಂಡಿ ಮುಚ್ಚುವಾಗ ಪಕ್ಕದಲ್ಲೇ ನಿಲ್ಲಿ, ರಾಡಿಗೆ ತಂತಿ ಕಟ್ಟಿದ್ದನ್ನು ಕಣ್ಣಾರೆ ನೋಡಿ. ಲೋಡ್, ಮೀಟರ್ ವಿಷಯಕ್ಕೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕವೇ ಹೋಗಿ, ಅರ್ಜಿ ನಂಬರ್ ಕೈಗೆ ಬರುವವರೆಗೆ ಒಂದು ಪೈಸೆ ಕ್ಯಾಶ್ ಕೊಡಬೇಡಿ. ‘ಫ್ರೀ’ಯಲ್ಲಿ ಏನೇನು ಸೇರಿದೆ ಎಂಬುದನ್ನು ಕಾರಿನ ದುಡ್ಡು ಕಟ್ಟುವ ಮೊದಲೇ ಶೋರೂಮಿನಿಂದ ಬರೆಸಿಕೊಳ್ಳಿ.

ಕೇಬಲ್ ಬದಲಿಸಲು, ಅರ್ತಿಂಗ್ ಸರಿಮಾಡಿಸಲು ಮತ್ತೆ ದುಡ್ಡು ಸುರಿದಿದ್ದೇನೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಫೋಟೊ, ವಾಟ್ಸಾಪ್ ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ. ಆ 18,000 ವಾಪಸ್ ಬರುವವರೆಗೆ ಬಿಡುವುದಿಲ್ಲ. ಇದೇ ರೀತಿ ಬೇರೆ ಮೀಟರಿಗೆ ಅಂತ ಕ್ಯಾಶ್ ಕೊಟ್ಟು ಕಾಯುತ್ತಿರುವವರು ಇದ್ದರೆ, ನಾಳೆಯೇ ನಿಮ್ಮ ಆರ್‌ಆರ್ ನಂಬರ್ ಹಿಡಿದು ಬೆಸ್ಕಾಂ ಕಚೇರಿಗೆ ಹೋಗಿ ವಿಚಾರಿಸಿ.