ಪ್ರೆಸ್, ಡಿಟಿಪಿ ಅಂಗಡಿಗೆ ಮ್ಯಾಕ್ ಹಾಕಿಸುವವರೇ, "ಎಲ್ಲ ಓಡ್ತದೆ ಸರ್" ಅನ್ನುವವರನ್ನು ನಂಬಬೇಡಿ

ಮಂಗಳೂರು, ಉಡುಪಿ, ಕುಂದಾಪುರ ಕಡೆ ಸಣ್ಣ ಪ್ರೆಸ್, ಡಿಟಿಪಿ ಸೆಂಟರ್, ಸ್ಟಿಕ್ಕರ್ ಕಟ್ಟಿಂಗ್ ಅಂಗಡಿ ಇಟ್ಟುಕೊಂಡವರೆಲ್ಲ ಇದನ್ನು ಓದಿ, ಪರಿಚಯದವರಿಗೂ ಕಳಿಸಿ. "ವಿಂಡೋಸ್ 10 ಮುಗಿಯಿತು, ಇನ್ನು ಮ್ಯಾಕ್ ಹಾಕಿ ಬಿಡಿ" ಅಂತ ಕೊಟೇಶನ್ ಹಿಡಿದುಕೊಂಡು ಬಂದವರಿಂದ ನಮ್ಮ ಪ್ರೆಸ್‌ಗೆ ಮೋಸ ಆಗಿದೆ. ಅದೂ ಸೀಸನ್ ಹೊತ್ತಿನಲ್ಲಿ. ಬ್ರಹ್ಮಕಲಶ, ನೇಮ, ಮದುವೆ ಅಂತ, ಮೇ ಕೊನೆಗೆ ಉತ್ಸವಗಳಿಗೆ ತೆರೆ ಬೀಳುವ ಪತ್ತನಾಜೆವರೆಗೆ ನಮಗೆ ಉಸಿರು ಬಿಡಲು ಪುರುಸೊತ್ತು ಇರುವುದಿಲ್ಲ ಅನ್ನುವುದು ಅವರಿಗೂ ಗೊತ್ತು. ಹೆಸರು ಇಲ್ಲಿ ಬರೆಯುವುದಿಲ್ಲ. ಆದರೆ ಇಂಥವರ ಮಾತಿನ ವರಸೆ ಒಂದೇ, ಓದಿದರೆ ನಿಮಗೂ ಗುರುತು ಸಿಗುತ್ತದೆ.

ಶುರುವಾದದ್ದು ಹೆದರಿಕೆಯಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತದ್ದು ನಿಜ. ಅದೊಂದನ್ನೇ ಹೇಳಿದರು. ಇಂಟೆಲ್ 8ನೇ ಪೀಳಿಗೆಯಿಂದ ಈಚಿನ ಪಿಸಿಗೆ ಟಿಪಿಎಂ 2.0 ಅನ್ನುವ ಸುರಕ್ಷಾ ವ್ಯವಸ್ಥೆ ಇದ್ದರೆ ವಿಂಡೋಸ್ 11 ಹಾಕಬಹುದು ಅನ್ನುವುದನ್ನು ಹೇಳಲಿಲ್ಲ. ಅದಕ್ಕಿಂತ ಹಳೆಯದಕ್ಕೂ 2026ರ ಅಕ್ಟೋಬರ್‌ವರೆಗೆ ವಿಸ್ತರಿತ ಸುರಕ್ಷಾ ಅಪ್‌ಡೇಟ್ ಪಡೆಯುವ ದಾರಿ ಮೈಕ್ರೋಸಾಫ್ಟ್ ಇಟ್ಟಿದೆ, ಅದನ್ನೂ ಹೇಳಲಿಲ್ಲ. "ಹಳೆ ಪಿಸಿ ಎಲ್ಲ ಎಕ್ಸ್‌ಚೇಂಜ್‌ಗೆ ಕೊಡಿ ಸರ್, ಒಳ್ಳೆ ರೇಟ್ ಹಾಕಿ ಕೊಡ್ತೇವೆ." ಲೆಕ್ಕ, ಬಿಲ್ ಮಾಡುವ ಟ್ಯಾಲಿ? "ಓಡ್ತದೆ." ಕನ್ನಡ ಟೈಪ್ ಮಾಡುವ ನುಡಿ? "ಓಡ್ತದೆ." ಸಾಫ್ಟ್‌ವೇರ್ ತೆರೆಯಲು ಕೀ ಹಾಗೆ ಚುಚ್ಚುವ ಯುಎಸ್‌ಬಿ ಡಾಂಗಲ್? "ಎಲ್ಲ ಓಡ್ತದೆ ಸರ್, ನೀವು ಟೆನ್ಶನ್ ಮಾಡ್ಬೇಡಿ." ಈ "ಓಡ್ತದೆ" ಅನ್ನುವುದು ಕೊಟೇಶನ್ನಿನಲ್ಲಿ ಒಂದು ಅಕ್ಷರವೂ ಇಲ್ಲ. ಕೊಟೇಶನ್ನಿನಲ್ಲಿ ಇರುವುದು "ಮ್ಯಾಕ್ ಮಿನಿ ಎಂ1, 8/256, ರೀಫರ್ಬಿಶ್ಡ್, 3 ನಂಬರ್" ಅಷ್ಟೇ. ಅಂದರೆ ಎಂ1 ಚಿಪ್, 8 ಜಿಬಿ ರ‍್ಯಾಮ್, 256 ಜಿಬಿ ಡಿಸ್ಕ್ ಇರುವ, ಸರಿಮಾಡಿ ಮಾರುವ ಹಳೆ ಮಿಷನ್ ಮೂರು.

ರೀಫರ್ಬಿಶ್ಡ್ ಅನ್ನುವುದರ ಮೇಲೆ ನನ್ನ ತಕರಾರಿಲ್ಲ. ಹಳೆ ಮಿಷನ್ ಕೊಂಡು ದುಡಿಯುವುದು ಪ್ರೆಸ್‌ನವರಿಗೆ ಹೊಸತಲ್ಲ. ತಕರಾರು ಇರುವುದು ಅದನ್ನು ಎಲ್ಲಿಂದ ತಂದರು, ಏನು ಮುಚ್ಚಿಟ್ಟು ಕೊಟ್ಟರು ಅನ್ನುವುದರ ಮೇಲೆ.

ಅಂಗಡಿಗೆ ತಂದಾಗ ಮೂರೂ ಮಿಷನ್ ಸೆಟಪ್ ಆಗಿಯೇ ಬಂದವು. ಹೆಸರು, ಪಾಸ್‌ವರ್ಡ್ ಎಲ್ಲ ಅವರೇ ಹಾಕಿದ್ದು. ಆಮೇಲೆ ಒಂದು ಮಿಷನ್ ನಿಧಾನ ಆಯಿತು ಅಂತ ಪೂರ್ತಿ ಅಳಿಸಿ ಹೊಸದಾಗಿ ಸೆಟಪ್ ಮಾಡಲು ಹೊರಟರೆ, ಭಾಷೆ, ದೇಶ ಆರಿಸಿ ವೈಫೈ ಕೊಟ್ಟ ಕೂಡಲೇ ಪರದೆ ತುಂಬ "ರಿಮೋಟ್ ಮ್ಯಾನೇಜ್‌ಮೆಂಟ್". ಕೆಳಗೆ ಬೆಂಗಳೂರಿನ ಯಾವುದೋ ಕಂಪನಿಯ ಹೆಸರು. ಈ ಕಂಪ್ಯೂಟರನ್ನು ಆ ಸಂಸ್ಥೆ ನಿಯಂತ್ರಿಸುತ್ತದೆ ಅಂತ ಬರೆದಿದೆ, ಮುಂದೆ ಹೋಗಲು ಅವರ ಲಾಗಿನ್ ಬೇಕು. ನಾವು ದುಡ್ಡು ಕೊಟ್ಟು ಕೊಂಡ ಮಿಷನ್ನು, ನಮ್ಮ ಮೇಜಿನ ಮೇಲೆ ಕೂತು, ತಾನು ಬೇರೆಯವರದ್ದು ಅನ್ನುತ್ತಿದೆ. ಎದುರಿಗೆ ಪ್ರೂಫ್ ನೋಡಲು ಬಂದ ಗಿರಾಕಿ. ಆ ಅವಮಾನ ಬರೆದು ತಿಳಿಸಲು ಆಗುವುದಿಲ್ಲ.

ಫೋನ್ ಮಾಡಿದರೆ ಬಂದ ಉತ್ತರ ಕೇಳಿ. "ಹೋ, ಅದಾ? ಅದು ಎಂತ ಇಲ್ಲ ಸರ್. ವೈಫೈ ಬಂದ್ ಮಾಡಿ, ಲ್ಯಾನ್ ವಯರ್ ತೆಗೀರಿ, ಹಾಗೇ ಸೆಟಪ್ ಮಾಡಿ. ಆಮೇಲೆ ವೈಫೈ ಕೊಡಿ. ನಾವು ಎಲ್ಲ ಹಾಗೇ ಮಾಡುದು."

ನಾವು ಎಲ್ಲ ಹಾಗೇ ಮಾಡುದು! ಗಮನಿಸಿ, "ನೋಡ್ತೇನೆ" ಅನ್ನಲಿಲ್ಲ, "ಹೌದಾ, ನನಗೆ ಗೊತ್ತಿರಲಿಲ್ಲ" ಅಂತಲೂ ಅನ್ನಲಿಲ್ಲ. ಬೀಗ ಇದೆ ಅಂತ ಗೊತ್ತಿದ್ದೇ, ಅದು ಕಾಣದ ಹಾಗೆ ಇಂಟರ್ನೆಟ್ ಇಲ್ಲದೆ ಸೆಟಪ್ ಮಾಡಿ ತಂದಿಟ್ಟಿದ್ದಾರೆ. ಮೂರಕ್ಕೂ.

ಈ ಬೀಗ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಮಾರುವವರು ಇದನ್ನು ಸಣ್ಣ ವಿಷಯ ಅನ್ನುತ್ತಾರೆ. ದೊಡ್ಡ ಕಂಪನಿಗಳು ಮ್ಯಾಕ್ ಕೊಳ್ಳುವಾಗ ಅದರ ಸೀರಿಯಲ್ ನಂಬರ್ 'ಆಪಲ್ ಬಿಸಿನೆಸ್ ಮ್ಯಾನೇಜರ್' ಅನ್ನುವ ಖಾತೆಗೆ ಸೇರುತ್ತದೆ. ಈ ದಾಖಲೆ ಮಿಷನ್ನಿನ ಡಿಸ್ಕ್‌ನಲ್ಲಿ ಇರುವುದಲ್ಲ, ಆಪಲ್‌ನ ಸರ್ವರ್‌ನಲ್ಲಿ ಇರುವುದು. ಹಾಗಾಗಿ ಎಷ್ಟು ಸಲ ಅಳಿಸಿದರೂ ಹೋಗುವುದಿಲ್ಲ. ಮಾರುವಾಗ ಆ ಕಂಪನಿಯೇ ತನ್ನ ಖಾತೆಯಿಂದ ಸೀರಿಯಲ್ ನಂಬರ್ ಬಿಡುಗಡೆ ಮಾಡಬೇಕು. ಮಾಡದಿದ್ದರೆ ಇಂಟರ್ನೆಟ್ ಇಲ್ಲದೆ ಸೆಟಪ್ ಮಾಡಿದ ಮಿಷನ್ ಸ್ವಲ್ಪ ದಿನ ಸರಿಯಾಗಿ ಓಡಬಹುದು, ಆದರೆ ಮ್ಯಾಕ್‌ಓಎಸ್ ದೊಡ್ಡ ಅಪ್‌ಡೇಟ್ ಆದಾಗ ಅಥವಾ ರೀಸ್ಟೋರ್ ಮಾಡಬೇಕಾಗಿ ಬಂದಾಗ ಅದೇ ಪರದೆ ಮತ್ತೆ ಬಂದು ಕೂರುತ್ತದೆ. ಅದಕ್ಕೆ ಒಪ್ಪಿ ಒಳಗೆ ಹೋದರೆ ಆ ಕಂಪನಿಯ ಐಟಿ ವಿಭಾಗ ಎಲ್ಲಿಂದಲೋ ನಿಮ್ಮ ಮಿಷನ್ ಲಾಕ್ ಮಾಡಬಹುದು, ಇಡೀ ಡಿಸ್ಕ್ ಅಳಿಸಬಹುದು. ಇದು ಆಪಲ್ ಅಕೌಂಟ್‌ನ (ಮೊದಲಿನ ಹೆಸರು ಆಪಲ್ ಐಡಿ) 'ಆಕ್ಟಿವೇಶನ್ ಲಾಕ್' ಅಲ್ಲ. ಅದು ಹಳೆ ಮಾಲೀಕನ ಖಾತೆಯ ಬೀಗ, ಇದು ಕಂಪನಿಯ ಬೀಗ. ಎರಡನ್ನೂ ನೋಡಬೇಕು.

ಆದ್ದರಿಂದ ಸೆಕೆಂಡ್ಸ್ ಮ್ಯಾಕ್ ಕೊಳ್ಳುವುದಿದ್ದರೆ ಸೆಟಪ್ ಆದ ಮಿಷನ್ ಕೈಗೆ ತಗೊಳ್ಳಲೇ ಬೇಡಿ. ಅವರ ಎದುರೇ ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಟ್ರಾನ್ಸ್‌ಫರ್ ಆರ್ ರೀಸೆಟ್ ಒಳಗೆ ಹೋಗಿ 'ಇರೇಸ್ ಆಲ್ ಕಂಟೆಂಟ್ ಆಂಡ್ ಸೆಟ್ಟಿಂಗ್ಸ್' ಒತ್ತಿಸಿ. ಮತ್ತೆ ಶುರುವಾದಾಗ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಡಿ. ಅವರ ವೈಫೈ ಬೇಡ, ನಿಮ್ಮದೇ ಕೊಡಿ. ನೆಟ್ ಇರುವಾಗಲೇ ಡೆಸ್ಕ್‌ಟಾಪ್‌ವರೆಗೆ ತಡೆಯಿಲ್ಲದೆ ಹೋದರೆ ಮಾತ್ರ ಹಣದ ಮಾತು. "ಟೈಮ್ ಆಗ್ತದೆ ಸರ್" ಅಂದರೆ ಎದ್ದು ಬನ್ನಿ.

ಇನ್ನು "ಓಡ್ತದೆ" ಕಥೆ.

ಟ್ಯಾಲಿಪ್ರೈಮ್ ವಿಂಡೋಸ್ ತಂತ್ರಾಂಶ. ಮ್ಯಾಕ್‌ನಲ್ಲಿ ನೇರ ಇನ್‌ಸ್ಟಾಲ್ ಆಗುವುದಿಲ್ಲ. ಎಂ1 ಬಂದದ್ದು 2020ರ ನವೆಂಬರ್‌ನಲ್ಲಿ. ಅಲ್ಲಿಂದ ಈಚಿನ ಆಪಲ್ ಚಿಪ್ ಇರುವ ಮ್ಯಾಕ್‌ಗಳಲ್ಲಿ ಮ್ಯಾಕ್‌ಗೆ ನೇರ ವಿಂಡೋಸ್ ಹಾಕಲು ಇದ್ದ ಬೂಟ್ ಕ್ಯಾಂಪ್ ಕೂಡ ಇಲ್ಲ. ಉಳಿದ ದಾರಿ, ಮ್ಯಾಕ್ ಒಳಗೆ ಇನ್ನೊಂದು ಕಂಪ್ಯೂಟರಿನ ಹಾಗೆ ಓಡುವ ಪ್ಯಾರಲಲ್ಸ್‌ನಂಥದ್ದು ಹಾಕಿ, ಅದರೊಳಗೆ ವಿಂಡೋಸ್ 11ರ ಆರ್ಮ್ ಆವೃತ್ತಿ (ಇಂಟೆಲ್ ಅಲ್ಲದ, ಆಪಲ್ ಚಿಪ್‌ನಂಥ ಚಿಪ್‌ಗೆ ಇರುವುದು) ಓಡಿಸುವುದು. ಇವರು ಮಾಡಿಕೊಟ್ಟದ್ದೂ ಅದೇ, ಆದರೆ ಪ್ಯಾರಲಲ್ಸ್‌ನ 14 ದಿನದ ಟ್ರಯಲ್! ವಿಂಡೋಸ್ ಆಕ್ಟಿವೇಟ್ ಮಾಡಿರಲಿಲ್ಲ. ಟ್ರಯಲ್ ಮುಗಿದ ಬೆಳಿಗ್ಗೆ ಬಿಲ್ ಮಾಡಲು ಕೂತವರ ಎದುರು "ಈಗ ಖರೀದಿಸಿ" ಅನ್ನುವ ಕಿಟಕಿ. ಕೇಳಿದ್ದಕ್ಕೆ ವಾಟ್ಸ್‌ಆಪ್‌ನಲ್ಲಿ ಉತ್ತರ: "ಸಾಫ್ಟ್‌ವೇರ್ ಪಾರ್ಟಿದು ಸರ್. ನಾವು ಹಾರ್ಡ್‌ವೇರ್ ಮಾತ್ರ." ಹಾಗಾದರೆ "ಟ್ಯಾಲಿ ಓಡ್ತದೆ" ಅಂದದ್ದು ಯಾರು? ಅದಕ್ಕೆ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

8 ಜಿಬಿ ರ‍್ಯಾಮ್‌ನಲ್ಲಿ ಇದು ಆಗುವ ಮಾತೂ ಅಲ್ಲ. ವಿಂಡೋಸ್ 11 ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಕೇಳುತ್ತದೆ. ಉಳಿದ 4 ಜಿಬಿಯಲ್ಲಿ ಮ್ಯಾಕ್‌ಓಎಸ್, ಪುಟ ಕಟ್ಟುವ ಇನ್‌ಡಿಸೈನ್, ಫೋಟೋಶಾಪ್ ಎಲ್ಲ ಉಸಿರಾಡಬೇಕು. "ಮುಂದೆ ರ‍್ಯಾಮ್ ಏರಿಸುವ" ಅಂದಿದ್ದರು. ಎಂ1ರ ರ‍್ಯಾಮ್ ಚಿಪ್‌ನ ಜೊತೆಗೇ ಕೂತಿರುವುದು, ಅದಕ್ಕೆ ಸ್ಲಾಟ್ ಇಲ್ಲ. ಇದನ್ನು ತಿಳಿಯದೆ ಮ್ಯಾಕ್ ಮಾರುವವರು ಇಲ್ಲ. ಹೊಸ ಎಂ4 ಮ್ಯಾಕ್ ಮಿನಿ 2024ರಲ್ಲಿ ಬಂದಾಗ 16 ಜಿಬಿಗೆ 59,900 ರೂಪಾಯಿ. ಈ ಬೆಲೆ ಪಕ್ಕದಲ್ಲಿ ಇಟ್ಟುಕೊಂಡು ಹಳೆಯದರ ಲೆಕ್ಕ ಹಾಕಿ.

ಡಾಂಗಲ್ ವಿಷಯ ಇನ್ನೂ ಕೆಟ್ಟದು. ಆರ್ಮ್ ವಿಂಡೋಸ್ ಸಾಮಾನ್ಯ ಇಂಟೆಲ್ ಪ್ರೋಗ್ರಾಮ್‌ಗಳನ್ನು ಅನುಕರಣೆ ಮಾಡಿ ಓಡಿಸುತ್ತದೆ, ಆದರೆ ಹೊರಗಿನ ಸಾಧನಗಳನ್ನು ನಡೆಸುವ ಡ್ರೈವರ್‌ಗಳನ್ನು ಓಡಿಸುವುದಿಲ್ಲ. ಡ್ರೈವರ್ ಆರ್ಮ್‌ಗೆಂದೇ ಬರೆದದ್ದಾಗಿರಬೇಕು. ಹಾಗಾಗಿ ಪುಟವನ್ನು ಮುದ್ರಣಕ್ಕೆ ಸಿದ್ಧ ಮಾಡುವ ಹಳೆ ರಿಪ್ ಸಾಫ್ಟ್‌ವೇರ್‌ನ ಯುಎಸ್‌ಬಿ ಡಾಂಗಲ್, ವಿನೈಲ್ ಕಟ್ಟರ್ ಪ್ಲಾಟರ್, ಹಳೆ ಲೇಸರ್ ಪ್ರಿಂಟರ್ ಇವೆಲ್ಲ ಅಲ್ಲಿಗೆ ನಿಲ್ಲುತ್ತವೆ. ಪ್ರೋಗ್ರಾಮ್ ತೆರೆಯುತ್ತದೆ, "ಕೀ ನಾಟ್ ಫೌಂಡ್" ಅನ್ನುತ್ತದೆ. ಪಂಚಾಯತಿ, ಕಾಲೇಜು ಟೆಂಡರ್ ಹಾಕುವವರ ಡಿಜಿಟಲ್ ಸಿಗ್ನೇಚರ್ ಟೋಕನ್ನಿಗೂ ಇದೇ ಪ್ರಶ್ನೆ: ಮ್ಯಾಕ್ ಡ್ರೈವರ್ ಇದೆಯೇ, ಪೋರ್ಟಲ್‌ನ ಸಹಿ ಮಾಡುವ ಸಾಫ್ಟ್‌ವೇರ್ ಮ್ಯಾಕ್‌ನಲ್ಲಿ ಓಡುತ್ತದೆಯೇ ಅಂತ ಮೊದಲೇ ನೋಡಬೇಕು. ಪೋರ್ಟಿನ ಲೆಕ್ಕವೂ ಬೇಕು. ಎಂ1 ಮಿನಿಯಲ್ಲಿ ಹಳೆ ಮಾದರಿಯ ಯುಎಸ್‌ಬಿ ಎರಡೇ, ಕೀಬೋರ್ಡ್ ಮೌಸ್‌ಗೇ ಮುಗಿಯಿತು. ಎಂ4ರಲ್ಲಿ ಅದೂ ಇಲ್ಲ, ಎಲ್ಲ ಟೈಪ್ ಸಿ. ಹಬ್‌ಗೆ ಬೇರೆ ಬಿಲ್ ಹಾಕಿದರು.

ಕನ್ನಡದ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ನಮ್ಮ ಕೆಲಸದ ಮುಕ್ಕಾಲು ಪಾಲು ಹಳೆ ಫೈಲು ನುಡಿ, ಬರಹದ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕನ್ನಡ ರೂಪ ಕೂರಿಸಿದ ಹಳೆ ಬಗೆ) ಇದೆ. ಫಾಂಟ್ ಫೈಲನ್ನು ಮ್ಯಾಕ್‌ಗೆ ಹಾಕಬಹುದು, ಹಾಕಿ ತೋರಿಸಿ "ನೋಡಿ ಸರ್, ಬಂತಲ್ಲ" ಅಂದರು. ಆದರೆ ಆ ಫಾಂಟಿನಲ್ಲಿ ಟೈಪ್ ಮಾಡಲು ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸ್‌ಗೆ ಮಾತ್ರ. ಪ್ಯಾರಲಲ್ಸ್ ಒಳಗೆ ಹಾಕಿದರೆ ಆ ವಿಂಡೋಸ್ ಕಿಟಕಿಯ ಒಳಗಷ್ಟೇ, ಮ್ಯಾಕ್ ಕಡೆಯ ಇನ್‌ಡಿಸೈನ್‌ನಲ್ಲಿ ಒಂದಕ್ಷರ ಮೂಡುವುದಿಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ನಮ್ಮ ಹುಡುಗಿಯರ ಬೆರಳು ಪಳಗಿದೆ. ಮ್ಯಾಕ್‌ನ ಜೊತೆಗೆ ಬರುವ ಕನ್ನಡ ಕೀಲಿಮಣೆ ಅದಲ್ಲ, ಬೇರೆ ತಂದು ಹಾಕಬೇಕು. ಹಳೆ ಫೈಲನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿದರೆ ಮಧ್ಯದಲ್ಲಿದ್ದ ಇಂಗ್ಲಿಷ್ ಇನಿಷಿಯಲ್, ಇಮೇಲ್ ಎಲ್ಲ ಕನ್ನಡದ ಕಸವಾಗುತ್ತದೆ. ಆಮಂತ್ರಣದಲ್ಲಿ ತಂತ್ರಿಗಳ ಹೆಸರು, ಮೊಕ್ತೇಸರರ ಹೆಸರು ಸಾಲಾಗಿ ಇರುವಾಗ ಒಂದು ಇನಿಷಿಯಲ್ ತಪ್ಪಿದರೂ ಇಡೀ ಲಾಟ್ ಮರುಮುದ್ರಣ. ಯೂನಿಕೋಡ್ ಸರಿಯಾಗಿ ಮೂಡಬೇಕಾದರೆ ಇನ್‌ಡಿಸೈನ್‌ನಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಆರಿಸಬೇಕು, ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿ ನಿಲ್ಲುತ್ತದೆ. ಪುಟ ಕಟ್ಟುವ ಹಳೆ ತಂತ್ರಾಂಶ ಪೇಜ್‌ಮೇಕರ್‌ನ ಫೈಲಿಗಂತೂ ನೇರ ದಾರಿಯೇ ಇಲ್ಲ: ಇನ್‌ಡಿಸೈನ್ ಸಿಎಸ್6ವರೆಗೆ ತೆರೆಯುತ್ತಿತ್ತು, ಆಮೇಲಿನ ಸಿಸಿ ಆವೃತ್ತಿಯಿಂದ ಅದನ್ನು ಕೈಬಿಟ್ಟಿದ್ದಾರೆ.

ಡಿಸೈನ್ ಮಾಡುವ ಕೋರಲ್‌ಡ್ರಾದ, ಒಂದೇ ಸಲ ಹಣ ಕೊಟ್ಟು ಕೊಂಡ ವಿಂಡೋಸ್ ಲೈಸೆನ್ಸ್ ಮ್ಯಾಕ್‌ಗೆ ನಡೆಯುವುದಿಲ್ಲ. ಅಡೋಬಿ ಚಂದಾ ಆದರೆ ಎರಡೂ ಕಡೆ ನಡೆಯುತ್ತದೆ. ಹಳೆ ಜಾಬ್ ಇರುವ ಹಾರ್ಡ್‌ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯದ್ದಾಗಿದ್ದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಹಾಗೇ, ಹಳೆ ಮಾನಿಟರ್ ಇಟ್ಟುಕೊಳ್ಳುವವರು ಒಂದು ದಿನ ಕೂತು ನೋಡಿ: 2018ರ ಮೊಹಾವಿ ಆವೃತ್ತಿಯಿಂದ ಮ್ಯಾಕ್ ಸಾಧಾರಣ ಪರದೆಯಲ್ಲಿ ಅಕ್ಷರ ನಯಗೊಳಿಸುವ ಹಳೆ ವಿಧಾನ ಬಿಟ್ಟಿದೆ, ಸಣ್ಣ ಒತ್ತಕ್ಷರ ಮಸುಕಾಗಿ ಕಾಣುತ್ತದೆ, ಪ್ರೂಫ್ ನೋಡುವವರ ಕಣ್ಣು ನೋಯುತ್ತದೆ.

ಮ್ಯಾಕ್ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಇನ್‌ಡಿಸೈನ್, ಫೋಟೋಶಾಪ್, ಯೂನಿಕೋಡ್ ಕನ್ನಡ, ಪಿಡಿಎಫ್ ಮಾಡಿ ಪ್ಲೇಟ್‌ಗೆ ಕಳಿಸುವುದು, ಇಷ್ಟೇ ಕೆಲಸ ಇರುವವರಿಗೆ 16 ಜಿಬಿಯ ಹೊಸ ಮಿನಿ ಚೆನ್ನಾಗಿಯೇ ದುಡಿಯುತ್ತದೆ. ಆದರೆ ಟ್ಯಾಲಿ, ಟೋಕನ್, ಡಾಂಗಲ್, ನುಡಿ, ಪೇಜ್‌ಮೇಕರ್ ಇವಕ್ಕೆ ಒಂದು ವಿಂಡೋಸ್ ಪಿಸಿ ಅಂಗಡಿಯಲ್ಲಿ ಇರಲೇಬೇಕು. ಅದನ್ನೇ ಎಕ್ಸ್‌ಚೇಂಜ್ ಅಂತ ಹೊತ್ತುಕೊಂಡು ಹೋದರು. ವಾಪಸ್ ಕೊಡಿ ಅಂದರೆ "ಅದು ಹೋಯ್ತು ಸರ್, ಆಗಲೇ ಮಾರಿ ಆಯ್ತು." ಅದರೊಳಗೆ ಗಿರಾಕಿಗಳ ಗುರುತಿನ ಕಾರ್ಡ್ ಫೋಟೋಗಳಿದ್ದವು. ಎಕ್ಸ್‌ಚೇಂಜ್‌ಗೆ ಪಿಸಿ ಕೊಡಬೇಡಿ. ಕೊಡುವುದೇ ಆದರೆ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ, ಟ್ಯಾಲಿ ಲೈಸೆನ್ಸ್ ಮೊದಲು ಸರೆಂಡರ್ ಮಾಡಿ, ಅಂದರೆ ಆ ಪಿಸಿಯಿಂದ ಬಿಡಿಸಿಕೊಳ್ಳಿ.

ಬಿಲ್ ವಿಷಯ. ನಮಗೆ ಬಂದ ಬಿಲ್ಲಿನಲ್ಲಿ "ಕಂಪ್ಯೂಟರ್ ಸಿಸ್ಟಮ್" ಅಂತ ಮಾತ್ರ, ಸೀರಿಯಲ್ ನಂಬರ್ ಇಲ್ಲ. ಕೇಳಿದಾಗ "ಅದೆಲ್ಲ ಬೇಕಾಗುದಿಲ್ಲ ಸರ್" ಅಂದರು. ಬೇಕು. ಸೀರಿಯಲ್ ನಂಬರ್ ಇಲ್ಲದ ಬಿಲ್ ಹಿಡಿದುಕೊಂಡು ಇದೇ ಮಿಷನ್ ಕೊಟ್ಟದ್ದು ಅಂತ ಯಾರಿಗೂ ಸಾಬೀತು ಮಾಡಲು ಆಗುವುದಿಲ್ಲ. ಬಿಲ್ ಜಿಎಸ್‌ಟಿ ಪೋರ್ಟಲ್‌ನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿತೇ ಅಂತಲೂ ನೋಡಿ, ಅಲ್ಲಿ ಇಲ್ಲದಿದ್ದರೆ ಕೊಟ್ಟ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಇಲ್ಲ. ಹಣ ನಗದಾಗಿ ಕೊಡಬೇಡಿ. ಯಾವ ಯಾವ ಸಾಫ್ಟ್‌ವೇರ್, ಯಾವ ಪ್ರಿಂಟರ್, ಯಾವ ಡಾಂಗಲ್ ಓಡಬೇಕು ಅನ್ನುವುದನ್ನು ಕೊಟೇಶನ್ನಿನಲ್ಲೇ ಬರೆಸಿ ಸೀಲ್ ಹಾಕಿಸಿ. ಬರೆಯಲು ಹಿಂಜರಿದರೆ ಅದೇ ಉತ್ತರ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ದೂರು ದಾಖಲಿಸಿದ್ದೇವೆ. ಗ್ರಾಹಕ ಆಯೋಗಕ್ಕೆ ಹೋಗುವವರು ಒಂದು ವಿಷಯ ತಿಳಿದಿರಿ: 2019ರ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ, ಆದರೆ ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರಿಗೆ ವಿನಾಯಿತಿ ಇದೆ. "ನೀವು ಬಿಸಿನೆಸ್‌ನವರು, ಕೇಸ್ ನಿಲ್ಲುದಿಲ್ಲ" ಅಂತ ಇವರು ಹೆದರಿಸುವುದು ಇದನ್ನೇ ಅರ್ಧ ಹೇಳಿ. ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ. ಚಾಟ್ ಅಳಿಸಬೇಡಿ, ರಿಮೋಟ್ ಮ್ಯಾನೇಜ್‌ಮೆಂಟ್ ಪರದೆಯ ಫೋಟೋವನ್ನು ಸೀರಿಯಲ್ ನಂಬರಿನ ಜೊತೆ ತೆಗೆದಿಡಿ.

ಈಗ ಕೊನೆಗೆ ಅವರು ಹೇಳುತ್ತಿರುವುದು, ಮೂರೂ ಮಿನಿ ಅರ್ಧ ಬೆಲೆಗೆ ವಾಪಸ್ ತಗೊಳ್ತೇವೆ ಅಂತ. ಕೊಡುವುದಿಲ್ಲ. ಕೊಟ್ಟರೆ ಮತ್ತೆ ವೈಫೈ ಬಂದ್ ಮಾಡಿ ಸೆಟಪ್ ಆಗಿ, ಇನ್ನೊಂದು ಪ್ರೆಸ್‌ನ ಮೇಜಿನ ಮೇಲೆ ಬಂದು ಕೂರುತ್ತವೆ. ಪೂರ್ತಿ ಹಣ ಬರುವವರೆಗೆ ಮಿಷನ್ ಇಲ್ಲೇ ಇರುತ್ತದೆ.