ನಮ್ಮ ಬಡಾವಣೆಯ ಗಾಣದ ಅಂಗಡಿ: ಕಿಡ್ನಿ ತೊಂದರೆ ಇರುವ ಮನೆಗೆ ಏನು ತರಬಹುದು, ಏನು ಬೇಡ

ಒಂದು ವರ್ಷ ಎರಡು ತಿಂಗಳಿಂದ ನಾನು ಅಡುಗೆ ಎಣ್ಣೆಯನ್ನು ಒಂದೇ ಕಡೆ ಕೊಳ್ಳುತ್ತಿದ್ದೇನೆ. ತುಮಕೂರಿನ ನಮ್ಮ ಬಡಾವಣೆಯ ಕೊನೆಯಲ್ಲಿ, ಹಿಟ್ಟಿನ ಮಿಲ್ಲಿನ ಪಕ್ಕದಲ್ಲಿ ಇರುವ ಮರದ ಗಾಣದ ಅಂಗಡಿ ಅದು. ಎತ್ತು ಇಲ್ಲ, ಮೋಟರಿನಿಂದ ತಿರುಗುತ್ತದೆ. ಒರಳು, ಒನಕೆ ಎರಡೂ ಮರದ್ದು. ಅಂಗಡಿಯ ಹೆಸರು ಬೇಡ, ಯಾಕೆಂದರೆ ಹೊಗಳಿಕೆಯ ಜೊತೆ ಕೆಲವು ದೂರುಗಳೂ ಇವೆ. ಗಾಣದ ಎಣ್ಣೆ ಘಮಘಮ ಅನ್ನುತ್ತದೆ ಎಂದು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಯಜಮಾನರಿಗೆ ಕಿಡ್ನಿ ತೊಂದರೆ ಇದೆ. ಅಂಥವರ ಮನೆಗೆ ಈ ಅಂಗಡಿ ಎಷ್ಟು ಉಪಯೋಗ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅವರಿಗೆ 64 ವರ್ಷ. ಕಂಡಕ್ಟರ್ ಆಗಿ ನಿವೃತ್ತರಾದವರು. ಶುಗರ್ ಬಂದು 18 ವರ್ಷವಾಯಿತು. ಎರಡು ವರ್ಷದ ಹಿಂದೆ ಕ್ರಿಯಾಟಿನಿನ್ 2.0 ಬಂತು, ಇಜಿಎಫ್‌ಆರ್ 36. ಮೊದಲನೆಯದು ರಕ್ತದಲ್ಲಿ ಉಳಿದ ಕಸದ ಅಳತೆ, ಎರಡನೆಯದು ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಳತೆ. ಡಾಕ್ಟರು ಚೀಟಿಯ ಮೇಲೆ ಸ್ಟೇಜ್ 3ಬಿ ಎಂದು ಬರೆದರು, ಅಂದರೆ ಐದು ಹಂತಗಳಲ್ಲಿ ಮೂರನೆಯದರ ಕೊನೆಯ ಭಾಗ. ರಕ್ತದಲ್ಲಿ ಪೊಟ್ಯಾಸಿಯಂ ಕೂಡ 5.6 ಇತ್ತು, ಅದೂ ಜಾಸ್ತಿಯೇ. ಮನೆಗೆ ಬಂದ ಮೇಲೆ ನೆಂಟರಿಷ್ಟರು ಒಬ್ಬೊಬ್ಬರು ಒಂದೊಂದು ಹೇಳಿದರು. ಬೇಳೆ ಬಿಡಿ, ಹಾಲು ಬಿಡಿ, ಕಾಯಿ ಬಿಡಿ, ಎಣ್ಣೆಯಂತೂ ವಿಷ. ನಾನು ಹೆದರಿ ಎಲ್ಲವನ್ನೂ ಬಿಡಿಸಿದೆ. ಒಗ್ಗರಣೆ ಇಲ್ಲದ ಸಾರು, ನೀರಲ್ಲಿ ಬೇಯಿಸಿದ ಪಲ್ಯ, ಒಣ ಚಪಾತಿ. ನಾಲ್ಕು ತಿಂಗಳಲ್ಲಿ 66 ಕೆಜಿ ಇದ್ದವರು 59ಕ್ಕೆ ಇಳಿದರು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಇಷ್ಟೆಲ್ಲ ಮಾಡಿಯೂ ರಕ್ತದ ಯೂರಿಯಾ, ಅಂದರೆ ಪ್ರೋಟೀನ್ ಕರಗಿ ಉಳಿಯುವ ಕಸ, ಇಳಿಯಲಿಲ್ಲ, ಸ್ವಲ್ಪ ಏರಿತ್ತು.

ಆಗ ಡಾಕ್ಟರು ನಮ್ಮನ್ನು ಡಯೆಟಿಷಿಯನ್ ಹತ್ತಿರ ಕಳಿಸಿದರು. ಆ ಹುಡುಗಿ ನಾನು ಬರೆದುಕೊಂಡು ಹೋಗಿದ್ದ ಊಟದ ಪಟ್ಟಿಯನ್ನು ನೋಡಿ, "ಅಮ್ಮಾ, ಪ್ರೋಟೀನ್ ಕಡಿಮೆ ಮಾಡಿದ್ದೀರಿ, ಉಪ್ಪು ಕಡಿಮೆ ಮಾಡಿದ್ದೀರಿ. ಆದರೆ ಇವರಿಗೆ ಶಕ್ತಿ ಎಲ್ಲಿಂದ ಬರಬೇಕು?" ಎಂದು ಕೇಳಿದಳು. ಹೊಟ್ಟೆಗೆ ಸಾಕಷ್ಟು ಕ್ಯಾಲೊರಿ ಹೋಗದಿದ್ದರೆ ಮೈ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ, ಹಾಗೆ ಕರಗಿದ್ದೂ ಯೂರಿಯಾ ಆಗಿ ರಕ್ತಕ್ಕೇ ಬರುತ್ತದೆ ಎಂದು ಬಿಡಿಸಿ ಹೇಳಿದಳು. ಅವರ ತೂಕಕ್ಕೆ ದಿನಕ್ಕೆ 48 ಗ್ರಾಂ ಆಸುಪಾಸು ಪ್ರೋಟೀನ್, ಅಂದರೆ ಕೆಜಿಗೆ 0.8 ಗ್ರಾಂ. ಕ್ಯಾಲೊರಿ ಮಾತ್ರ 1800 ಬೇಕೇ ಬೇಕು. ಶುಗರ್ ಇರುವುದರಿಂದ ಎಲ್ಲವನ್ನೂ ಅನ್ನ, ಸಕ್ಕರೆಯಿಂದ ತುಂಬಿಸುವ ಹಾಗಿಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟದಲ್ಲಿ 4. ದಿನಕ್ಕೆ ಐದು ಟೀ ಚಮಚ ಎಣ್ಣೆ ಕೊಡಿ, ಅದರಲ್ಲೇ 200 ಕ್ಯಾಲೊರಿ ಬರುತ್ತದೆ ಎಂದಳು. ನನಗೆ ಅಳುವೇ ಬಂತು. ನಾಲ್ಕು ತಿಂಗಳು ಅವರನ್ನು ಅರೆಹೊಟ್ಟೆಯಲ್ಲಿ ಇಟ್ಟಿದ್ದೆನಲ್ಲ.

ಡಯಾಲಿಸಿಸ್ ಶುರುವಾದವರಿಗೆ ಈ ಲೆಕ್ಕ ಬೇರೆ, ಅವರಿಗೆ ಪ್ರೋಟೀನ್ ಜಾಸ್ತಿ ಬೇಕು. ನಮ್ಮ ಮನೆಯ ಅಳತೆಯನ್ನು ದಯವಿಟ್ಟು ಹಾಗೇ ಎತ್ತಿಕೊಳ್ಳಬೇಡಿ. ನಿಮ್ಮ ಡಾಕ್ಟರನ್ನು ಕೇಳಿ.

ಐದು ಚಮಚ ಸರಿ, ಆದರೆ ಯಾವ ಎಣ್ಣೆ? ಅದನ್ನು ಹುಡುಕಿಕೊಂಡು ಹೋದಾಗಲೇ ಈ ಅಂಗಡಿ ಸಿಕ್ಕಿದ್ದು. ಕಡಲೆಕಾಯಿ ಎಣ್ಣೆ ತರಲು ನನಗೆ ಭಯವಿತ್ತು. ಕಡಲೆಕಾಯಿಯಲ್ಲಿ ಪೊಟ್ಯಾಸಿಯಂ, ಫಾಸ್ಫರಸ್ ಎರಡೂ ಜಾಸ್ತಿ ಎಂದು ಆಸ್ಪತ್ರೆಯ ಚೀಟಿಯಲ್ಲೇ ಇತ್ತು. ಹಾಗಾದರೆ ಎಣ್ಣೆಯಲ್ಲೂ ಇರಬೇಕಲ್ವಾ ಎಂದುಕೊಂಡಿದ್ದೆ. ಅಂಗಡಿಯವರು ನನ್ನ ಮಗನ ವಯಸ್ಸಿನವರು. "ಬನ್ನಿ ಅಮ್ಮಾ, ಒಳಗೆ ಬಂದು ನೋಡಿ" ಎಂದು ಗಾಣದ ಹತ್ತಿರ ಸ್ಟೂಲ್ ಹಾಕಿ ಕೂರಿಸಿದರು. ಪಾವಗಡದ ಕಡೆಯ ಬೀಜ. ಒರಳಿಗೆ ಒಂದು ಮೂಟೆ ಸುರಿದು ಮೋಟರ್ ಹಾಕಿದರು. ಮೊದಲು ಬೀಜ ಪುಡಿಯಾಯಿತು, ಆಮೇಲೆ ಮುದ್ದೆಯಾಯಿತು. ಸುಮಾರು ಹೊತ್ತಾದ ಮೇಲೆ ಒರಳಿನ ತೂತಿನಿಂದ ಸಣ್ಣಗೆ ಎಣ್ಣೆ ಇಳಿಯಿತು. ಕೊನೆಗೆ ಒರಳಿನ ಗೋಡೆಗೆ ಗಟ್ಟಿಯಾಗಿ ಅಂಟಿದ ಹಿಂಡಿಯನ್ನು ಕಬ್ಬಿಣದ ಸಲಾಕೆಯಿಂದ ಎಬ್ಬಿಸಿ ಚೀಲಕ್ಕೆ ತುಂಬಿದರು. ಒಂದು ಲೀಟರ್ ಎಣ್ಣೆಗೆ ಎರಡೂವರೆ ಕೆಜಿಯಷ್ಟು ಬೀಜ ಹೋಗುತ್ತದೆ ಎಂದರು.

"ಹಿಂಡಿ ಯಾರಿಗಪ್ಪಾ?" ಎಂದು ಕೇಳಿದೆ. "ಹಸು ಸಾಕಿರೋರಿಗೆ ಅಮ್ಮಾ. ಪ್ರೋಟೀನೆಲ್ಲ ಅದರಲ್ಲೇ ಇರುತ್ತೆ, ಹಾಲು ಚೆನ್ನಾಗಿ ಕೊಡುತ್ತವೆ" ಎಂದರು.

ನನಗೆ ಅಲ್ಲೇ ಅರ್ಥವಾಯಿತು. ಪ್ರೋಟೀನ್ ಹಿಂಡಿಯಲ್ಲೇ ಉಳಿಯುತ್ತದೆ. ಪೊಟ್ಯಾಸಿಯಂ, ಫಾಸ್ಫರಸ್ ಕೂಡ ಅಲ್ಲೇ ಉಳಿಯುತ್ತವೆ, ಅವು ಎಣ್ಣೆಯಲ್ಲಿ ಕರಗುವುದಿಲ್ಲ. ಕೆಳಗೆ ಇಳಿದು ಬರುವುದು ಬರೀ ಕೊಬ್ಬು. ಮಾರನೆಯ ದಿನವೇ ಡಯೆಟಿಷಿಯನ್ನಿಗೆ ಫೋನ್ ಮಾಡಿ ಕೇಳಿದೆ, ಹೌದು ಎಂದಳು. ಹಾಗಾಗಿ ಒಂದು ಹಿಡಿ ಕಡಲೆಬೀಜ ಬೇರೆ, ಒಂದು ಚಮಚ ಕಡಲೆಕಾಯಿ ಎಣ್ಣೆ ಬೇರೆ. ಮೊದಲನೆಯದನ್ನು ಅಳೆದು ತಿನ್ನಬೇಕು, ಎರಡನೆಯದರಲ್ಲಿ ಪೊಟ್ಯಾಸಿಯಂ ಭಯವಿಲ್ಲ. ಗಾಣದ ಎಣ್ಣೆಯಲ್ಲಿ ಸ್ವಲ್ಪ ಗಸಿ, ಅಂದರೆ ಹಿಂಡಿಯ ಚೂರು, ಇರುತ್ತದೆ ನಿಜ. ಎರಡು ಮೂರು ದಿನ ತಿಳಿಯಲು ಬಿಟ್ಟ ಎಣ್ಣೆಯನ್ನೇ ಕೇಳಿ ತರುತ್ತೇನೆ.

ತೆಂಗಿನದೂ ಇದೇ ಕತೆ. ಆದರೆ ಅಲ್ಲಿ ಇನ್ನೊಂದು ವಿಷಯವಿದೆ. ನಮ್ಮ ಯಜಮಾನರ ಊರು ತಿಪಟೂರಿನ ಹತ್ತಿರ. ಕೊಬ್ಬರಿ ಎಣ್ಣೆಯ ಒಗ್ಗರಣೆ ಅಂದರೆ ಅವರಿಗೆ ಪ್ರಾಣ. ಎಳನೀರು, ಕಾಯಿಹಾಲಿನಲ್ಲಿ ಇರುವ ಪೊಟ್ಯಾಸಿಯಂ ಎಣ್ಣೆಯಲ್ಲಿ ಇಲ್ಲ. ಹಾಗೆಂದು ಕೊಬ್ಬರಿ ಎಣ್ಣೆ ಸುರಿಯುವ ಹಾಗೂ ಇಲ್ಲ. ಕಿಡ್ನಿ ತೊಂದರೆ ಇರುವ ಎಷ್ಟೋ ಜನರಿಗೆ ಕಿಡ್ನಿ ಪೂರ್ತಿ ಕೈಕೊಡುವ ಮೊದಲೇ ಹೃದಯ ಕೈಕೊಡುತ್ತದೆ. ಅದಕ್ಕೇ ಅವರಿಗೆ ಕೊಲೆಸ್ಟ್ರಾಲ್ ಮಾತ್ರೆಯನ್ನೂ ಬರೆದಿದ್ದಾರೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೊಲೆಸ್ಟ್ರಾಲ್ ಏರಿಸುವ ಬಗೆಯ ಕೊಬ್ಬು. ಚಳಿಗಾಲದಲ್ಲಿ ಬಾಟಲಿಯಲ್ಲೇ ಬೆಳ್ಳಗೆ ಹೆಪ್ಪುಗಟ್ಟುತ್ತದಲ್ಲ, ಅದೇ. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು. ಕಡಲೆಕಾಯಿ ಎಣ್ಣೆಯಲ್ಲಿ ಐದರಲ್ಲಿ ಒಂದು ಪಾಲು, ಎಳ್ಳೆಣ್ಣೆಯಲ್ಲಿ ಅದಕ್ಕಿಂತಲೂ ಕಡಿಮೆ. ಈಗ ಕೊಬ್ಬರಿ ಎಣ್ಣೆ ಭಾನುವಾರದ ಒಂದು ಚಮಚಕ್ಕೆ ನಿಂತಿದೆ. ಅವರಿಗೆ ಬೇಜಾರಿದೆ. ನನಗೂ ಇದೆ.

ಇನ್ನು ಈ ಅಂಗಡಿಯ ಎಣ್ಣೆಗಳ ಬಗ್ಗೆ. ಕಡಲೆಕಾಯಿ ಎಣ್ಣೆ ಲೀಟರಿಗೆ 320 ರೂಪಾಯಿ. ದುಬಾರಿಯೇ. ಆದರೆ ಮೊದಲು ಇಬ್ಬರಿಗೆ ತಿಂಗಳಿಗೆ ಮೂರು ಲೀಟರ್ ಪ್ಯಾಕೆಟ್ ಎಣ್ಣೆ ಖಾಲಿಯಾಗುತ್ತಿತ್ತು, ಈಗ ಇಬ್ಬರಿಗೂ ಅಳೆದು ಹಾಕುವುದರಿಂದ ಒಂದೂವರೆ ಲೀಟರ್ ಸಾಕು. ಖರ್ಚು ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ರುಚಿಯೂ ಒಂದು ಲಾಭ. ಉಪ್ಪು ಕಡಿಮೆ ಮಾಡಿದ ಅಡುಗೆ ಸಪ್ಪೆ ಅನ್ನಿಸುತ್ತದೆ. ಗಾಣದ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಬೆಳ್ಳುಳ್ಳಿ ಚಟಪಟ ಅನ್ನಿಸಿ ಹಾಕಿದರೆ ಆ ವಾಸನೆಗೇ ಎರಡು ತುತ್ತು ಜಾಸ್ತಿ ಹೋಗುತ್ತದೆ. ಎಳ್ಳೆಣ್ಣೆಯನ್ನು ಕಾಲು ಲೀಟರ್ ಮಾತ್ರ ತರುತ್ತೇನೆ, ದೋಸೆಗೆ. ಹಾಗೆಂದು ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಬಳಸುವವರು ಹೆದರಬೇಕಿಲ್ಲ. ಸ್ಯಾಚುರೇಟೆಡ್ ಕೊಬ್ಬು ಅದರಲ್ಲಿ ಇನ್ನೂ ಕಡಿಮೆ. ದುಡ್ಡಿಗೆ ಕಷ್ಟವಿದ್ದರೆ ಅದನ್ನೇ ಅಳೆದು ಬಳಸಿ. ಬಿಡಬೇಕಾದ್ದು ವನಸ್ಪತಿ (ಡಾಲ್ಡಾದಂಥ ಗಟ್ಟಿ ಎಣ್ಣೆ), ಮತ್ತೆ ಮತ್ತೆ ಕಾಯಿಸಿದ ಬಜ್ಜಿ ಅಂಗಡಿಯ ಎಣ್ಣೆ. ಎಣ್ಣೆ, ವನಸ್ಪತಿಯಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು ನೂರಕ್ಕೆ 2ಕ್ಕಿಂತ ಜಾಸ್ತಿ ಇರಬಾರದು ಎಂದು 2022ರಿಂದ ನಮ್ಮ ದೇಶದಲ್ಲಿ ನಿಯಮವಿದೆ. ಆದರೂ ಬೇಕರಿ ಪಫ್ಸ್ ನಮ್ಮ ಮನೆಗೆ ಬರುವುದು ನಿಂತಿದೆ. ಅದರಲ್ಲಿ ಉಪ್ಪೂ ಜಾಸ್ತಿ.

ಇನ್ನು ದೂರುಗಳು. ಮೊದಲನೆಯದು ಬೋರ್ಡು. "ಕಿಡ್ನಿ, ಹಾರ್ಟ್, ಶುಗರ್ ಎಲ್ಲಕ್ಕೂ ರಾಮಬಾಣ. ಕೊಲೆಸ್ಟ್ರಾಲ್ ಇಲ್ಲ" ಎಂದು ದೊಡ್ಡದಾಗಿ ಬರೆದಿದ್ದಾರೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ, ತಾಳೆ ಎಣ್ಣೆಯಲ್ಲೂ ಇಲ್ಲ. ಇನ್ನು ಕಿಡ್ನಿಯನ್ನು ಯಾವ ಎಣ್ಣೆಯೂ ವಾಸಿ ಮಾಡುವುದಿಲ್ಲ. ಇಂಥ ಬೋರ್ಡು ನೋಡಿ ಯಾರಾದರೂ ಮಾತ್ರೆ ಬಿಟ್ಟರೆ? ನಮ್ಮ ಪಕ್ಕದ ಬೀದಿಯ ಒಬ್ಬರು ಹಾಗೇ ಬಿಟ್ಟಿದ್ದರು, ಮನೆಯವರು ಗದರಿಸಿ ಮತ್ತೆ ಶುರು ಮಾಡಿಸಿದರು.

ಎರಡನೆಯದು ಇನ್ನೂ ಗಂಭೀರ. ಕೌಂಟರಿನ ಪಕ್ಕದಲ್ಲಿ "ಕಡಿಮೆ ಸೋಡಿಯಂ ಉಪ್ಪು" ಎಂಬ ಪ್ಯಾಕೆಟ್ ಇಟ್ಟಿದ್ದಾರೆ. ಬಿಪಿ ಇದೆ ಎಂದರೆ ಸಾಕು, ತೆಗೆದುಕೊಳ್ಳಿ ಎನ್ನುತ್ತಾರೆ. ನನಗೂ ಕೊಟ್ಟರು. ಮನೆಗೆ ತಂದು ಕನ್ನಡಕ ಹಾಕಿಕೊಂಡು ಹಿಂಬದಿ ಓದಿದೆ. ಪೊಟ್ಯಾಸಿಯಂ ಕ್ಲೋರೈಡ್! ಸೋಡಿಯಂ ಕಡಿಮೆ ಮಾಡಿ ಆ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ಚೆನ್ನಾಗಿರುವವರಿಗೆ ಅದರಿಂದ ಬಿಪಿಗೆ ಒಳ್ಳೆಯದಾಗಬಹುದು. ಪೊಟ್ಯಾಸಿಯಂ 5.6 ಇದ್ದ ಮನುಷ್ಯನಿಗೆ ಅದು ಎದೆಬಡಿತವನ್ನೇ ಏರುಪೇರು ಮಾಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಈ ಉಪ್ಪಿನ ಬಗ್ಗೆ ಸಲಹೆ ಕೊಟ್ಟಾಗ ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟೇ ಕೊಟ್ಟಿದೆ. ಮಾಮೂಲಿ ಅಯೋಡಿನ್ ಉಪ್ಪನ್ನೇ ಕಡಿಮೆ ಹಾಕಿ, ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ. ಆ ಪ್ಯಾಕೆಟ್ ವಾಪಸ್ ಕೊಟ್ಟೆ. ದುಡ್ಡು ಮರುಮಾತಿಲ್ಲದೆ ಕೊಟ್ಟರು, ಅದು ಅವರ ಒಳ್ಳೆಯತನ.

ಮೂರನೆಯದು, ಕಳೆದ ಆಗಸ್ಟಿನ ಕ್ಯಾನು ಕಮಟು ವಾಸನೆ ಹೊಡೆಯಿತು. ಮಳೆಗಾಲದಲ್ಲಿ ಮಾರಾಟ ಕಡಿಮೆ, ಹಳೆಯ ಎಣ್ಣೆ ಕೊಟ್ಟುಬಿಟ್ಟಿದ್ದರು. ಗಾಣದ ಎಣ್ಣೆ ಬೇಗ ಕೆಡುತ್ತದೆ. ಬೀಜದ ವಿಷಯದಲ್ಲೂ ಎಚ್ಚರ ಬೇಕು. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ರಿಫೈನ್ ಮಾಡುವಾಗ ಅದು ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಅದಕ್ಕೇ ಪ್ರತಿ ಸಲ ಮೂಟೆಗೆ ಕೈ ಹಾಕಿ ಒಂದು ಹಿಡಿ ಬೀಜ ನೋಡುತ್ತೇನೆ. ಅವರು ಬೇಡ ಅಂದಿಲ್ಲ. ಆ ಧೈರ್ಯದಿಂದಲೇ ಇಲ್ಲಿಗೆ ಹೋಗುತ್ತಿದ್ದೇನೆ.

ಅಂಗಡಿಯಲ್ಲಿ ಚಿಕ್ಕಿ, ಕಡಲೆಬೀಜದ ಚಟ್ನಿಪುಡಿ, ಅಗಸೆ ಪುಡಿ, ಉಪ್ಪಿನಕಾಯಿಯೂ ಸಿಗುತ್ತವೆ. ಚಟ್ನಿಪುಡಿ ತುಂಬ ಚೆನ್ನಾಗಿದೆ, ನಾನು ತಿನ್ನುತ್ತೇನೆ. ಯಜಮಾನರ ತಟ್ಟೆಗೆ ಇವುಗಳಲ್ಲಿ ಯಾವುದನ್ನೂ ಹಾಕುವುದಿಲ್ಲ.

ಈಗ ನಮ್ಮ ಅಡುಗೆಮನೆ ಹೀಗೆ ನಡೆಯುತ್ತದೆ. ಬೆಳಿಗ್ಗೆಯೇ ಅವರ ಪಾಲಿನ ಐದು ಚಮಚವನ್ನು ಒಂದು ಸಣ್ಣ ಸ್ಟೀಲ್ ಲೋಟಕ್ಕೆ ಅಳೆದು ಇಡುತ್ತೇನೆ. ದಿನವೆಲ್ಲ ಅದರಿಂದಲೇ. ಅನ್ನಕ್ಕೆ ತುಪ್ಪ ಬೇಕೆಂದ ದಿನ ಲೋಟದಲ್ಲಿ ನಾಲ್ಕೇ ಚಮಚ. ಸೊಪ್ಪನ್ನು ಜಾಸ್ತಿ ನೀರಲ್ಲಿ ಬೇಯಿಸಿ ಬಸಿಯುತ್ತೇನೆ. ನಮ್ಮ ಕಡೆ ಆ ಬಸಿದ ನೀರಿನಲ್ಲೇ ಬಸ್ಸಾರು ಮಾಡುವುದು. ಪೊಟ್ಯಾಸಿಯಂ ಆ ನೀರಿಗೇ ಇಳಿದಿರುತ್ತದೆ ಎಂದು ತಿಳಿದ ಮೇಲೆ ಅವರಿಗೆ ಬಸ್ಸಾರು ನಿಲ್ಲಿಸಿದೆ. ಪಲ್ಯಕ್ಕೆ ಎರಡು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟು ಅವರಿಗೆ ಬಡಿಸುತ್ತೇನೆ. ಮುದ್ದೆ ಚಿಕ್ಕದಾಗಿದೆ, ಅನ್ನ ಸ್ವಲ್ಪ ಜಾಸ್ತಿಯಾಗಿದೆ, ಏಕೆಂದರೆ ರಾಗಿಯಲ್ಲಿ ಅಕ್ಕಿಗಿಂತ ಪೊಟ್ಯಾಸಿಯಂ ಜಾಸ್ತಿ.

ತೂಕ 62ಕ್ಕೆ ಬಂದಿದೆ. ಪೊಟ್ಯಾಸಿಯಂ 4.7. ಅದು ಸೊಪ್ಪು ಬಸಿದದ್ದರಿಂದ, ಡಾಕ್ಟರ ಮಾತ್ರೆಯಿಂದ. ಎಣ್ಣೆಯಿಂದ ಅಂತ ನಾನು ಹೇಳುವುದಿಲ್ಲ. ಕ್ರಿಯಾಟಿನಿನ್ 1.9, 2.1ರ ನಡುವೆ ನಿಂತಿದೆ. ಸಂಜೆ ಅಮಾನಿಕೆರೆ ಪಾರ್ಕಿನಲ್ಲಿ ಎರಡು ಸುತ್ತು ಹಾಕುತ್ತಾರೆ.

ಕಮಟು ಎಣ್ಣೆಯ ದೂರು ಹೇಳಿದಾಗ ಅಂಗಡಿಯವರು ಕ್ಯಾನು ಬದಲಿಸಿ ಕೊಟ್ಟರು. ಒತ್ತಿದ ತಾರೀಕನ್ನು ಕ್ಯಾನಿನ ಮೇಲೆ ಬರೆಯಿರಿ ಎಂದು ಕೇಳಿಕೊಂಡೆ. ಮೊನ್ನೆ ತಂದ ಕ್ಯಾನಿನ ಮೇಲೆ ಮಾರ್ಕರ್‌ನಿಂದ ಬರೆದಿತ್ತು. ಉಪ್ಪಿನ ಪ್ಯಾಕೆಟ್ಟುಗಳ ಮುಂದೆಯೂ ಒಂದು ರಟ್ಟು ನಿಲ್ಲಿಸಿದ್ದಾರೆ, "ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ" ಎಂದು. ಬೋರ್ಡು ಮಾತ್ರ ಇನ್ನೂ ಹಾಗೇ ಇದೆ. ಮುಂದಿನ ತಿಂಗಳು ಹೋದಾಗ ಮತ್ತೆ ಹೇಳುತ್ತೇನೆ.